ಕೊನೆಯ ಸುತ್ತು ಓಡಿದವಳು

ಉಜ್ವಲಾಳಿಗೆ ಸಿಟ್ಟು ನೆತ್ತಿಗೇರಿದ್ದು ಸನ್ಮಾನದ ವೇದಿಕೆಯ ಹಿಂದೆ ಕಟ್ಟಿದ್ದ ಫ್ಲೆಕ್ಸ್ ನೋಡಿದಾಗ. ಅಲ್ಲಿಯವರೆಗೆ ಎಲ್ಲವನ್ನೂ ಸಹಿಸಿಕೊಂಡಿದ್ದಳು. ನಿಪ್ಪಾಣಿಯಲ್ಲಿ ಹೆದ್ದಾರಿ ಇಳಿಯುತ್ತಲೇ ತೆರೆದ ಜೀಪಿಗೆ ಹತ್ತಿಸಿದ್ದರು. ತಂಬಾಕಿನ ಗೋದಾಮುಗಳ ಮುಂದೆಲ್ಲ ಮೆರೆಸಿ, ಹಲಗೆ ಬಾರಿಸುತ್ತ ಚಿಕ್ಕೋಡಿಗೆ ಕರೆತಂದಿದ್ದರು. ಗುಲಾಲು ಕಣ್ಣಿಗೆ ಬಿದ್ದು ಉರಿಯುತ್ತಿದ್ದರೂ ನಗುನಗುತ್ತ ಕೈ ಬೀಸಿದ್ದಳು. ಅವಳು ಓದಿದ ಕಾಲೇಜಿನಿಂದ ಒಲಿಂಪಿಕ್ಸಿಗೆ ಹೋದವಳು ಅವಳೊಬ್ಬಳೇ. ನಾಲ್ವರು ತಲಾ ನಾಲ್ಕುನೂರು ಮೀಟರ್ ಓಡುವ ರಿಲೇಯಲ್ಲಿ ಎರಡನೆಯ ಸುತ್ತು ಅವಳದಾಗಿತ್ತು. ತಂಡ ಮೊದಲ ಹಂತದಲ್ಲೇ ಏಳನೆಯದಾಗಿ ಹೊರಬಿದ್ದಿತ್ತು. ಊರವರಿಗೆ ಅದರ ಚಿಂತೆ ಇರಲಿಲ್ಲ.

ಫ್ಲೆಕ್ಸಿನಲ್ಲಿ ಎರಡು ಚಿತ್ರಗಳಿದ್ದವು. ಒಂದರಲ್ಲಿ ಅವಳೇ, ದೇಶದ ನೀಲಿ ಉಡುಪಿನಲ್ಲಿ. ಇನ್ನೊಂದು ಐದು ವರ್ಷ ಹಿಂದಿನದು, ಅಂತರ ವಿಶ್ವವಿದ್ಯಾಲಯ ಕೂಟದಲ್ಲಿ ಕಾಲೇಜಿನ ನಾಲ್ವರು ಹುಡುಗಿಯರು ಅದೇ ರಿಲೇಯಲ್ಲಿ ವಿಶ್ವವಿದ್ಯಾಲಯಕ್ಕೆ ಕಂಚು ತಂದ ದಿನದ್ದು. ಕೊನೆಯ ಸುತ್ತಿನ ಓಟಗಾರ್ತಿ ಬ್ಯಾಟನ್ ಹಿಡಿದು ಗೆರೆ ದಾಟುತ್ತಿದ್ದಳು. ಎಡಗಾಲಿನ ಮೀನಖಂಡದ ಮೇಲೆ ಕುರಿ ಕಾಯುವ ನಾಯಿ ಕಚ್ಚಿದ ಗಾಯದ ಗುರುತು ದೂರದಿಂದಲೇ ಕಾಣುತ್ತಿತ್ತು. ಆ ಕಾಲು ಅಂದು ಉಜ್ವಲಾಳ ಜೊತೆ ಓಡಿದ ಲಗಮವ್ವನದು. ಆ ತೋಳು, ಮುಂದಕ್ಕೆ ಬಾಗಿದ ಆ ಎದೆ ಲಗಮವ್ವನವು. ತಲೆ ಮಾತ್ರ ಸ್ನೇಹಲಳದು. ಯಾವುದೋ ಸ್ಟುಡಿಯೋ ಫೋಟೋದಿಂದ ಪೌಡರ್ ಹಚ್ಚಿದ ಬಿಳಿ ಮುಖವನ್ನು ಕತ್ತರಿಸಿ ಆ ಕಪ್ಪು ಕೊರಳಿನ ಮೇಲೆ ಕೂರಿಸಿದ್ದರು.

ಸ್ನೇಹಲ ವೇದಿಕೆಯ ಮೇಲೆ ಎರಡು ಕುರ್ಚಿ ಆಚೆಗೆ ರೇಷ್ಮೆ ಸೀರೆ ಉಟ್ಟು ಕೂತಿದ್ದಳು. ಕಾಲೇಜಿನ ಆಡಳಿತ ಮಂಡಳಿಯ ಅಧ್ಯಕ್ಷ ಅಣ್ಣಾಸಾಬರ ಮಗಳು. ಆ ಕಂಚಿನ ಸರ್ಟಿಫಿಕೇಟ್ ತೋರಿಸಿ ಈಗ ಅದೇ ಕಾಲೇಜಿನಲ್ಲಿ ದೈಹಿಕ ಶಿಕ್ಷಣದ ನಿರ್ದೇಶಕಿಯಾಗಿದ್ದಳು. ಯಾವ ಹುಡುಗಿ ಓಡಬೇಕು, ಯಾವಳು ಮನೆಗೆ ಹೋಗಬೇಕು ಎಂದು ತೀರ್ಮಾನಿಸುವವಳು ಈಗ ಅವಳೇ.

ಐದು ವರ್ಷದ ಹಿಂದೆ ನಡೆದದ್ದು ಇಷ್ಟು. ಕಾಲೇಜಿನ ಆಯ್ಕೆ ಓಟದಲ್ಲಿ ಎಲ್ಲರಿಗಿಂತ ಮುಂದೆ ಬಂದವಳು ಶಿರಗುಪ್ಪಿಯ ಲಗಮವ್ವ, ಕುರಿ ಸಾಕುವ ಮಲಕಾರಿಯ ಮಗಳು. ಆದರೆ ವಿಶ್ವವಿದ್ಯಾಲಯಕ್ಕೆ ಹೋದ ಪಟ್ಟಿಯಲ್ಲಿ ಸ್ನೇಹಲಳ ಹೆಸರಿತ್ತು. ಆಗಿನ ಕ್ರೀಡಾ ಶಿಕ್ಷಕ ಸಮಾಧಾನ ಸರ್ ಅದು ಟೈಪು ಮಾಡುವಾಗ ಆದ ತಪ್ಪು ಎಂದು ಹೇಳಿ ಲಗಮವ್ವನನ್ನೂ ಜೊತೆಗೆ ಕರೆದೊಯ್ದರು. ಓಟದ ದಿನ ಬೆಳಿಗ್ಗೆ ಸ್ನೇಹಲಳ ನಂಬರನ್ನು ಲಗಮವ್ವನ ಎದೆಗೆ ತಾವೇ ಪಿನ್ ಹಾಕಿದರು. ಈಗ ಓಡು, ಸರ್ಟಿಫಿಕೇಟಿನಲ್ಲಿ ಹೆಸರು ಆಮೇಲೆ ತಿದ್ದಿಸೋಣ ಎಂದರು. ಮೂರನೆಯ ಸುತ್ತು ಓಡಿ ಬಂದ ಉಜ್ವಲಾ ಬ್ಯಾಟನ್ ಇಟ್ಟದ್ದು ಲಗಮವ್ವನ ಅಂಗೈಯಲ್ಲಿ. ಐದನೆಯ ಸ್ಥಾನದಲ್ಲಿದ್ದ ತಂಡವನ್ನು ಮೂರನೆಯದಕ್ಕೆ ತಂದವಳು ಲಗಮವ್ವ.

ಸರ್ಟಿಫಿಕೇಟ್ ಸ್ನೇಹಲಳ ಹೆಸರಿನಲ್ಲೇ ಬಂತು. ಲಗಮವ್ವ ಮೂರು ತಿಂಗಳು ಸಮಾಧಾನ ಸರ್ ಕೋಣೆಗೆ ಅಲೆದಳು. ಕೊನೆಗೆ ವಿಶ್ವವಿದ್ಯಾಲಯಕ್ಕೆ ದೂರು ಬರೆದಳು. ಅಲ್ಲಿಂದ ಉಜ್ವಲಾಳಿಗೆ ಒಂದೇ ಪ್ರಶ್ನೆಯ ಪತ್ರ ಬಂತು: ನೀವು ಬ್ಯಾಟನ್ ಕೊಟ್ಟದ್ದು ಯಾರಿಗೆ? ಅದೇ ವಾರ ರಾಷ್ಟ್ರೀಯ ತರಬೇತಿ ಶಿಬಿರದಿಂದಲೂ ಅವಳಿಗೆ ಕರೆ ಬಂದಿತ್ತು. ಅದಕ್ಕೆ ಕಾಲೇಜಿನ ಒಪ್ಪಿಗೆ ಬೇಕಿತ್ತು. ಸಮಾಧಾನ ಸರ್ ಎರಡು ಕಾಗದಗಳನ್ನು ಮೇಜಿನ ಮೇಲೆ ಜೋಡಿಸಿಟ್ಟರು. "ಇದರ ಮ್ಯಾಲೆ ನೀ ಸಹಿ ಮಾಡು, ಅದರ ಮ್ಯಾಲೆ ನಾ ಮಾಡ್ತೀನಿ" ಎಂದರು. ದನಿ ಕೂಡ ಏರಿಸಲಿಲ್ಲ. ಉಜ್ವಲಾ ಸಹಿ ಮಾಡಿದಳು. ಬ್ಯಾಟನ್ ಕೊಟ್ಟದ್ದು ಸ್ನೇಹಲಳಿಗೆ ಎಂದು ಅದರಲ್ಲಿ ಬರೆದಿತ್ತು. ದೂರು ಸುಳ್ಳೆಂದು ತೀರ್ಮಾನವಾಯಿತು. ಕಾಲೇಜಿನ ಹೆಸರು ಕೆಡಿಸಿದಳೆಂದು ಲಗಮವ್ವನನ್ನು ತಂಡದಿಂದ ತೆಗೆದರು. ಎರಡನೆಯ ವರ್ಷ ಮುಗಿಸದೆ ಅವಳು ಊರಿಗೆ ಹೋದಳು.

ಈಗ ಅಣ್ಣಾಸಾಬರು ಮೈಕಿನ ಮುಂದೆ ನಿಂತು ತಮ್ಮ ಕಾಲೇಜು ಎರಡು ಮುತ್ತುಗಳನ್ನು ಕೊಟ್ಟಿದೆ, ಒಂದು ಉಜ್ವಲಾ, ಇನ್ನೊಂದು ತಮ್ಮ ಮಗಳು ಎಂದು ಹೇಳುತ್ತಿದ್ದರು. ಉಜ್ವಲಾಳ ಕಿವಿ ಬಿಸಿಯಾಯಿತು. ಹೆಸರು ಕದ್ದದ್ದು ಸಾಲದೆ ಮೈಯನ್ನೂ ಕದ್ದಿದ್ದಾರೆ ಎನಿಸಿತು. ಸರದಿ ಬಂದಾಗ ಎದ್ದಳು. ಬರೆದುಕೊಂಡು ಬಂದಿದ್ದ ಭಾಷಣದ ಚೀಟಿಯನ್ನು ತೆರೆಯಲೇ ಇಲ್ಲ.

"ಆ ಫೋಟೋದಾಗಿನ ಮೈ ಲಗಮವ್ವಂದು" ಎಂದಳು. "ಶಿರಗುಪ್ಪಿ ಮಲಕಾರಿಯವರ ಮಗಳು. ಬ್ಯಾಟನ್ ಅಕಿ ಕೈಯಾಗ ಇಟ್ಟಾಕಿ ನಾನು. ಸ್ನೇಹಲ ಅವತ್ತ ಗ್ಯಾಲರಿಯೊಳಗ ಕುಂತಿದ್ಲು. ಅಕಿದು ಅಂತ ಅಲ್ಲಿ ಇರೂದು ತಲಿ ಒಂದ."

ಹಿಂದಿನ ಸಾಲಿನ ಹುಡುಗಿಯರು ಕಿಸಕ್ಕನೆ ನಕ್ಕರು. ಅಣ್ಣಾಸಾಬರು ತಿರುಗಿ ಯಾರಿಗೋ ಕಣ್ಣು ಮಾಡಿದರು. ಮೈಕು ಸತ್ತಿತು. ಉಜ್ವಲಾ ಬರಿಗಂಟಲಿನಲ್ಲೇ ಮುಂದುವರಿದಳು. ಆಗ ಹಲಗೆಯವರಿಗೆ ಬಾರಿಸಲು ಹೇಳಿದರು. ಅವಳ ತುಟಿ ಆಡುವುದಷ್ಟೇ ಮೊಬೈಲಿನಲ್ಲಿ ವಿಡಿಯೋ ಹಿಡಿಯುತ್ತಿದ್ದ ಜನರಿಗೆ ಕಂಡಿತು. ಕೊರಳಿನ ಹಾರ ತೆಗೆದು ಕುರ್ಚಿಯ ಮೇಲಿಟ್ಟು ಅವಳು ಕೆಳಗಿಳಿದಳು.

ವೇದಿಕೆಯ ಹಿಂದೆ ಸ್ನೇಹಲ ಅವಳ ತೋಳು ಹಿಡಿದು ನಿಲ್ಲಿಸಿದಳು. ಕಣ್ಣಲ್ಲಿ ನೀರಿದ್ದರೂ ಮಾತು ಗಟ್ಟಿಯಾಗಿತ್ತು.

"ಎಲ್ಲಾರ ಮುಂದ ಹಿಂಗ ಮಾಡೂದು ಏನಿತ್ತ ಉಜ್ವಲಾ? ನಾ ಸುಮ್ನ ಇದ್ದೆ, ಖರೆ. ಆದ್ರ ಸುಳ್ಳು ಬರದು ಸಹಿ ಮಾಡಿದಾಕಿ ನಾ ಅಲ್ಲ. ನೀನು."

ಉಜ್ವಲಾ ಕೈ ಕೊಡವಿಕೊಂಡು ನಡೆದಳು. ಅಂಕಲಿಯ ಮನೆಗೆ ಬಂದಾಗ ಅಪ್ಪ ನಾಮದೇವ ಅಂಗಳದಲ್ಲೇ ಕಾಯುತ್ತ ಕೂತಿದ್ದ. ಊರಿನ ಹೊಲಗಳಲ್ಲಿ ಕೂಲಿ ಮಾಡಿ ಮಗಳನ್ನು ಓದಿಸಿದವನು. ಸುದ್ದಿ ಅವನಿಗೆ ಆಗಲೇ ಮುಟ್ಟಿತ್ತು. ಬೈಯಲಿಲ್ಲ, ಹೊಗಳಲೂ ಇಲ್ಲ. ಐದು ವರ್ಷ ಈ ಮಾತು ಎಲ್ಲಿ ಇಟ್ಟಿದ್ದಿ ಎಂದು ಒಮ್ಮೆ ಕೇಳಿ ಎದ್ದು ಹೋದ.

ಮರುದಿನ ಬೆಳಿಗ್ಗೆ ಅವಳು ಶಿರಗುಪ್ಪಿಗೆ ಹೋದಳು. ದಾರಿಯುದ್ದಕ್ಕೂ ಕಬ್ಬು ಆಳೆತ್ತರ ನಿಂತಿತ್ತು. ಲಗಮವ್ವ ಅಳಬಹುದು, ತಬ್ಬಿಕೊಳ್ಳಬಹುದು ಎಂದು ಬಸ್ಸಿನಲ್ಲಿ ಎಣಿಸಿಕೊಂಡಿದ್ದಳು. ಆ ಎಣಿಕೆ ನೆನೆದು ಆಮೇಲೆ ಎಷ್ಟೋ ದಿನ ಅವಳಿಗೆ ನಾಚಿಕೆಯಾಯಿತು.

ಲಗಮವ್ವ ಕುರಿ ಹಟ್ಟಿಯಲ್ಲಿ ಹಿಕ್ಕೆ ಗುಡಿಸುತ್ತಿದ್ದಳು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿದ್ದಳು. ಬಂದವಳನ್ನು ನೋಡಿದರೂ ಕಸಬರಿಗೆ ನಿಲ್ಲಲಿಲ್ಲ.

"ಚಪ್ಪಾಳಿ ಬಿದ್ವೇನು?" ಎಂದು ಕೇಳಿದಳು.

ಉಜ್ವಲಾ ತಬ್ಬಿಬ್ಬಾದಳು. ನೀನು ವಿಡಿಯೋ ನೋಡಲಿಲ್ಲವೇ ಎಂದಳು.

"ನೋಡಿದೆ. ಊರ ಮಂದಿಯೆಲ್ಲಾ ಮೊಬೈಲ್ ಹಿಡ್ಕೊಂಡು ಬಂದು ತೋರಿಸ್ಯಾರ. ಒಲಿಂಪಿಕ್ಸಿಗೆ ಹೋಗಿ ಬಂದ ಮ್ಯಾಲೆ ಹೇಳಿದಿ. ಹೋಗೂ ಮೊದಲ ಯಾಕ ಹೇಳಲಿಲ್ಲ?"

"ಆಗ ಹೇಳಿದ್ರ ನನ್ನ ಕ್ಯಾಂಪ್ ಹೋಗ್ತಿತ್ತು."

"ಹೋಗ್ತಿತ್ತು. ನಂದು ಹೋತಲ್ಲ?"

ಕಸಬರಿಗೆಯನ್ನು ಗೋಡೆಗೆ ಒರಗಿಸಿ ಲಗಮವ್ವ ಸೆಟೆದು ನಿಂತಳು. ತನ್ನನ್ನು ನೋಡಲು ಬಂದ ಗಂಡಿನ ಕಡೆಯವರು ಕೂಡ ಸುಳ್ಳು ದೂರು ಕೊಟ್ಟ ಹುಡುಗಿ ಇವಳೇನಾ ಎಂದು ಕೇಳಿಕೊಂಡು ಹೋಗಿದ್ದರೆಂದು ಹೇಳಿದಳು. ಕಾಗವಾಡದ ಸಂತೆಯಲ್ಲಿ ಹಳೆಯ ಸಹಪಾಠಿಗಳು ಕಂಡರೆ ಆಚೆ ದಾರಿ ಹಿಡಿಯುತ್ತಿದ್ದೆ ಎಂದಳು. ಒಂದೊಂದನ್ನೂ ನೆಲಕ್ಕೆ ಕುಟ್ಟಿದ ಹಾಗೆ ಹೇಳಿದಳು. ಆಮೇಲೆ ದನಿ ತಗ್ಗಿತು.

"ನಿನ್ನ ಓಟ ನೋಡಬಾರದು ಅಂತ ಮಾಡಿದ್ದೆ. ನೋಡಿದೆ. ಸೋಲಲಿ ಅಂತ ಬೇಡ್ಕೊಂಡೆ. ಸೋತಿ. ಅದಕ್ಕೂ ಸಮಾಧಾನ ಆಗಲಿಲ್ಲ ನನಗ."

ಉಜ್ವಲಾಳಿಗೂ ಸಿಟ್ಟು ಬಂತು. ಐದು ವರ್ಷ ತಾನೇನು ಹಾಸಿಗೆಯ ಮೇಲೆ ಮಲಗಿದ್ದೆನೇ, ಮೊಣಕಾಲು ಕೊಯ್ಸಿಕೊಂಡು ಮತ್ತೆ ಓಡಿದವಳು ತಾನು, ಅದನ್ನು ಯಾರೂ ದಾನ ಕೊಟ್ಟಿಲ್ಲ ಎಂದು ಕೂಗಾಡಿದಳು. ಲಗಮವ್ವನೂ ಕೂಗಿದಳು. ಕುರಿಗಳು ಬೆದರಿ ಮೂಲೆಗೆ ಒತ್ತಿಕೊಂಡವು. ಮಲಕಾರಿ ಮುಂಡಾಸು ಸರಿಮಾಡಿಕೊಳ್ಳುತ್ತ ಬಾಗಿಲಿಗೆ ಬಂದು ನಿಂತ.

"ಚಾ ಆಗೇತಿ" ಎಂದ. "ಕುಡದು ಜಗಳಾ ಆಡ್ರಿ."

ಇಬ್ಬರೂ ಬಾಗಿಲಲ್ಲೇ ಕೂತು ಚಹಾ ಕುಡಿದರು. ಬಟ್ಟಲು ಕೆಳಗಿಟ್ಟು ಲಗಮವ್ವ ಹೇಳಿದಳು, ಮೈಕಿನಲ್ಲಿ ಆಡಿದ್ದು ಗಾಳಿಗೆ ಹೋಯಿತು, ನಾಳೆ ಅಣ್ಣಾಸಾಬರು ಹುಡುಗಿಗೆ ತಲೆ ಕೆಟ್ಟಿತ್ತು ಅಂದುಬಿಡುತ್ತಾರೆ, ಕಾಗದದ ಮೇಲೆ ಮಾಡಿದ ಸುಳ್ಳನ್ನು ಕಾಗದದ ಮೇಲೆಯೇ ತೆಗೆಯಬೇಕು. ಬರೆದರೆ ಏನಾಗುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಇನ್ನೊಬ್ಬಳ ನಂಬರ್ ಹಾಕಿಕೊಂಡು ಓಡಿದ ತಂಡದ ಪದಕ ನಿಲ್ಲುವುದಿಲ್ಲ. ಉಜ್ವಲಾಳನ್ನು ಶಿಬಿರಕ್ಕೆ ಕರೆಸಿದ್ದು ಆ ಪದಕವೇ. ಆಮೇಲೆ ಅವಳಿಗೆ ಕ್ರೀಡಾ ಕೋಟಾದಲ್ಲಿ ಸಿಕ್ಕ ಸರ್ಕಾರಿ ನೌಕರಿಯ ಬುಡದಲ್ಲಿಯೂ ಅದೇ ಇತ್ತು.

ಮಲಕಾರಿ ಒಳಗಿನಿಂದ ಮಗಳ ಹಳೆಯ ಕಾಲೇಜು ನೋಟುಬುಕ್ಕು ತಂದುಕೊಟ್ಟ. ಉಜ್ವಲಾ ಕಟ್ಟೆಯ ಮೇಲೆ ಕೂತು ವಿಶ್ವವಿದ್ಯಾಲಯಕ್ಕೆ ಎರಡು ಪುಟ ಬರೆದಳು. ಸಮಾಧಾನ ಸರ್ ಎರಡು ಕಾಗದ ಮುಂದಿಟ್ಟದ್ದನ್ನೂ ಬರೆದಳು. ಲಗಮವ್ವ ಬೆರಳಿಟ್ಟು ಒಂದೊಂದೇ ಸಾಲು ಓದಿ ಒಂದು ಕಡೆ ನಿಂತಳು. 'ಆಗ ನನ್ನ ಮೇಲೆ ಒತ್ತಡವಿತ್ತು' ಎಂದು ಅಲ್ಲಿತ್ತು.

"ಇದನ್ನ ತಗಿ" ಎಂದಳು. "ಒತ್ತಡ ಇದ್ದದ್ದು ನನ್ನ ಮ್ಯಾಲೆ. ನಿನಗ ಇದ್ದದ್ದು ಆಸೆ."

ಉಜ್ವಲಾಳ ಮುಖಕ್ಕೆ ರಕ್ತ ನುಗ್ಗಿತು. ಪೆನ್ನು ಎಸೆದು ಎದ್ದುಹೋಗೋಣ ಎನಿಸಿತು. ಆದರೂ ಆ ಸಾಲು ಹೊಡೆದು ಹಾಕಿದಳು. 'ಶಿಬಿರಕ್ಕೆ ಹೋಗುವ ಆಸೆಯಿಂದ ಸುಳ್ಳು ಬರೆದುಕೊಟ್ಟೆ' ಎಂದು ಬರೆದು ಸಹಿ ಹಾಕಿದಳು.

ಎರಡು ತಿಂಗಳ ಮೇಲೆ ವಿಶ್ವವಿದ್ಯಾಲಯದಲ್ಲಿ ವಿಚಾರಣೆ ನಡೆಯಿತು. ಅಷ್ಟರಲ್ಲಿ ತಂಡದ ಉಳಿದಿಬ್ಬರು ಉಜ್ವಲಾಳಿಗೆ ಫೋನು ಮಾಡಿ ವಾಚಾಮಗೋಚರ ಬೈದಿದ್ದರು. ನಿನ್ನ ಪಾಪ ತೊಳೆಯಲು ನಮ್ಮ ಪದಕ ಯಾಕೆ ಎಂದಿದ್ದರು. ಅವರ ಸಿಟ್ಟೂ ಸುಳ್ಳಲ್ಲ. ಸಮಾಧಾನ ಸರ್ ತಮಗೇನೂ ನೆನಪಿಲ್ಲ ಎಂದರು. ಪದಕ ರದ್ದಾಯಿತು. ಸುಳ್ಳು ಹೇಳಿಕೆ ಕೊಟ್ಟದ್ದಕ್ಕೆ ಉಜ್ವಲಾ ಒಂದು ವರ್ಷ ಎಲ್ಲಿಯೂ ಓಡುವಂತಿಲ್ಲ ಎಂದು ಅಥ್ಲೆಟಿಕ್ ಒಕ್ಕೂಟ ಆದೇಶಿಸಿತು. ನೌಕರಿ ಕೊಟ್ಟ ಇಲಾಖೆಯೂ ನೋಟಿಸು ಕಳಿಸಿತು. ಸ್ನೇಹಲಳ ನೇಮಕದ ಮೇಲೆ ತನಿಖೆಗೆ ಆದೇಶವಾದರೂ ಅಣ್ಣಾಸಾಬರು ಕೋರ್ಟಿನಿಂದ ತಡೆ ತಂದರು. ಅವಳು ಇವತ್ತಿಗೂ ಅದೇ ಮೈದಾನದಲ್ಲಿ ಸೀಟಿ ಊದುತ್ತಾಳೆ.

ವಿಚಾರಣೆಯ ಕೊನೆಗೆ ಅಧಿಕಾರಿಯೊಬ್ಬರು ಲಗಮವ್ವನನ್ನು ಕೇಳಿದರು: ಪದಕವೇ ಹೋದ ಮೇಲೆ ನಿಮಗೆ ಸರ್ಟಿಫಿಕೇಟ್ ಕೊಡಲು ಬರುವುದಿಲ್ಲ, ಇದರಿಂದ ನಿಮಗೆ ಬಂದದ್ದೇನು?

"ನನಗ ಏನೂ ಕೊಡಬ್ಯಾಡ್ರಿ" ಎಂದಳು ಲಗಮವ್ವ. "ದೂರು ಖರೆ ಇತ್ತು, ಕೊನೀ ಸುತ್ತು ಓಡಿದಾಕಿ ಲಗಮವ್ವ ಮಲಕಾರಿ ಅಂತ ಬರೀರಿ. ಬರಿಯೂತನಕ ನಾ ಏಳೂದಿಲ್ಲ."

ಗುಮಾಸ್ತ ಬರೆದ. ಅವಳು ಅದನ್ನು ತಿರುಗಿಸಿಕೊಂಡು ಓದಿ, ಹೆಸರಿನಲ್ಲಿ ಬಿಟ್ಟುಹೋಗಿದ್ದ ಒಂದು ಒತ್ತಕ್ಷರವನ್ನು ಅವನಿಂದ ತಿದ್ದಿಸಿ, ಆಮೇಲೆ ಎದ್ದಳು.

ಹೊರಗೆ ಬಸ್ ನಿಲ್ದಾಣದಲ್ಲಿ ಇಬ್ಬರೂ ದೂರದೂರ ನಿಂತರು. ಕಾಗವಾಡದ ಬಸ್ಸು ಬಂದು ನಿಂತಾಗ ಲಗಮವ್ವ ಇದ್ದಕ್ಕಿದ್ದಂತೆ ಹತ್ತಿರ ಬಂದಳು. ಓಟದ ದಿನ ತನ್ನ ಟೈಮು ಎಷ್ಟಾಗಿತ್ತು ಎಂದು ಕೇಳಿದಳು. ಯಾರೂ ಹೇಳಿರಲಿಲ್ಲ.

ಸಮಾಧಾನ ಸರ್ ಗಡಿಯಾರದಲ್ಲಿ ಕಂಡದ್ದು ಉಜ್ವಲಾ ಒಂದು ದಿನವೂ ಮರೆತಿರಲಿಲ್ಲ.

"ಐವತ್ಮೂರು ಪಾಯಿಂಟ್ ಒಂಬತ್ತು."

"ನಿಂದು?"

ಉಜ್ವಲಾ ನೆಲ ನೋಡಿದಳು. "ಐವತ್ನಾಕು ಪಾಯಿಂಟ್ ಎಂಟು" ಎಂದಳು.

ಲಗಮವ್ವ ಆ ದಿನ ಮೊದಲ ಸಲ ಅವಳನ್ನು ನೇರವಾಗಿ ನೋಡಿದಳು. ಬಸ್ಸು ಹತ್ತಿ, ಆಚೆ ಬದಿಯ ಕಿಟಕಿಗೆ ಹೋಗಿ ಕೂತಳು. ಬಸ್ಸು ಉಜ್ವಲಾಳ ಊರು ಅಂಕಲಿಯ ಮೇಲೆಯೇ ಹೋಗುವುದಿತ್ತು. ಉಜ್ವಲಾ ಹತ್ತಲಿಲ್ಲ.