ಆರು ಹಲ್ಲಿನ ಟೈರು

“ತಾತ, ಮುಂದಿನ್ ಟೈರ್‌ಗೆ ಹಲ್ಲೇ ಇಲ್ಲ” ಎಂದಳು ನನ್ನ ಮೊಮ್ಮಗಳು ಇಂಪನಾ.

ನಾನು ಗುಬ್ಬಿ ಸೀಮೆಯಲ್ಲಿ ನಲವತ್ತು ವರ್ಷ ಎತ್ತಿನ ದಲ್ಲಾಳಿಯಾಗಿದ್ದವನು. ಹಲ್ಲು ಎಂದ ಕೂಡಲೇ ಕಿವಿ ನೆಟ್ಟಗಾಯಿತು. ಸೈಕಲ್ ಟೈರಿನ ಮೇಲಿನ ರಬ್ಬರಿನ ಉಬ್ಬುಗಳಿಗೂ ಹಲ್ಲು ಅನ್ನುತ್ತಾರೆಂದು ನನಗೆ ತಿಳಿದದ್ದು ಅವತ್ತೇ. ಎತ್ತಿಗೆ ಎರಡು ಹಲ್ಲು ಬಂದರೆ ಪ್ರಾಯ ಶುರು, ಆರು ಹಲ್ಲೆಂದರೆ ದುಡಿಮೆಯ ವಯಸ್ಸು, ಎಂಟೂ ಬಂದರೆ ಬಾಯಿಗೂಡಿತು ಅನ್ನುತ್ತೇವೆ. ಆಮೇಲೆ ಸವೆಯುವುದೊಂದೇ ಬಾಕಿ. ಅವಳ ಟೈರನ್ನು ತಿರುಗಿಸಿ ತಿರುಗಿಸಿ ನೋಡಿದೆ. ಬಾಯಿಗೂಡಿ ಎಷ್ಟೋ ಕಾಲವಾದ ಮುದಿ ಟೈರು.

“ಇದನ್ನ ನಿಂಗೆ ಮಾರ್ದೋನು ಟೋಪಿ ಹಾಕವ್ನೆ ಕಣವ್ವ.”

“ಯಾರೂ ಹಾಕಿಲ್ಲ ತಾತ. ನಾನೇ ತುಳ್ದು ಸವೆಸಿರೋದು.”

ಅವಳದು ಗುಡ್ಡ ಹತ್ತಿ ಇಳಿಯುವ ಸೈಕಲ್ ರೇಸು. ವರ್ಷಕ್ಕೊಮ್ಮೆ ದೇವರಾಯನದುರ್ಗದ ತಪ್ಪಲಲ್ಲಿ ಜಿಲ್ಲೆಯ ಹುಡುಗಿಯರಿಗೆ ನಡೆಯುತ್ತದೆ. ಮೊದಲ ಮೂವರು ರಾಜ್ಯದ ತಂಡಕ್ಕೆ ಹೋಗುತ್ತಾರೆ. ಹೋದ ವರ್ಷ ಇವಳು ಜಲ್ಲಿಕಲ್ಲಿನ ಇಳಿಜಾರಿನಲ್ಲಿ ಮುಂದಿನ ಚಕ್ರ ಜಾರಿ ಬಿದ್ದು, ಮೊಣಕೈ ತರಚಿಕೊಂಡು ನಾಲ್ಕನೆಯವಳಾಗಿ ಬಂದಳು. ಹದಿನೆಂಟು ತುಂಬಿದ ಮೇಲೆ ಆ ಗುಂಪಿನಲ್ಲಿ ಸೇರಿಸುವುದಿಲ್ಲವಂತೆ. ಹಾಗಾಗಿ ಇದೇ ಕೊನೆಯ ಸಲ.

ನನ್ನ ಮಗ ಅನಂತರಾಜು ಬಿದರೆಹಳ್ಳಿ ಕಾವಲಿನ ಹೆಲಿಕಾಪ್ಟರ್ ಕಾರ್ಖಾನೆಯಲ್ಲಿದ್ದಾನೆ. ಮೇಲೆ ಹಾರುವುದನ್ನು ಮಾಡುವವನಿಗೆ ಟೈರಿನ ಚಿಂತೆ ಎಲ್ಲಿಂದ ಬರಬೇಕು? “ಡ್ಯೂಟಿ ಐತೆ, ನೀವೇ ಹೋಗ್ಬನ್ನಿ ಅಪ್ಪ” ಎಂದ. ನಾನೂ ಇಂಪನಾಳೂ ಬಸ್ಸಿನಲ್ಲಿ ತುಮಕೂರಿಗೆ ಹೋದೆವು.

ಮೋಹನ್‌ಕುಮಾರನ ಸೈಕಲ್ ಅಂಗಡಿಯಲ್ಲಿ ನೋಡಿದರೆ, ನಮ್ಮ ಬೀಗರು ಆಂಜನಪ್ಪನವರು ಆಗಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದಾರೆ. ಇಂಪನಾಳ ತಾಯಿಯ ಅಪ್ಪ. ಕುಣಿಗಲ್ಲಿನಲ್ಲಿ ಕುದುರೆಗಳಿಗೆ ಲಾಳ ಹೊಡೆದೇ ತಲೆ ನರೆತವರು. ಹುಡುಗಿ ನನಗೆ ಹೇಳಿದ್ದನ್ನೇ ಅವರಿಗೂ ಫೋನಿನಲ್ಲಿ ಹೇಳಿದ್ದಳು.

“ಬನ್ನಿ ಬೀಗ್ರೇ. ಎತ್ತಿನ್ ಸಂತೆ ಆ ಕಡೆ. ಇದು ರೇಸಿನ್ ಯವಾರ.”

“ರೇಸಿಗೆ ಲಾಳ ಹೊಡೀತೀರಾ? ಸುತ್ತಿಗೆ ತಂದಿದೀರಾ?” ಎಂದೆ.

ಮೋಹನ್‌ಕುಮಾರ್ ಟೈರುಗಳನ್ನು ತಂದು ಹರವಿದ. ಇದು ಅಗಲ, ಇದು ಹಗುರ, ಇದರ ರಬ್ಬರು ಮೆದು, ಇದರದು ಗಟ್ಟಿ ಎಂದು ಶುರುಮಾಡಿದ. ಅವನ ಮಾತು ನಾನು ಕೇಳಲಿಲ್ಲ. ಮಾರುವವನ ಮಾತು ಕೇಳಿ ಎತ್ತು ಕೊಂಡವರು ಯಾರಿದ್ದಾರೆ? ಹೆಬ್ಬೆರಳಿನಲ್ಲಿ ಒತ್ತಿದೆ, ಮೂಸಿದೆ, ಒಂದು ಅಡ್ಡಸಾಲಿನ ಹಲ್ಲು ಎಣಿಸಿದೆ. ಆರಿದ್ದವು. ಉದ್ದವಾಗಿ, ಬಿಡಿಬಿಡಿಯಾಗಿ, ಮಣ್ಣು ಕಚ್ಚುವ ಹಲ್ಲುಗಳು. ಟೈರಿನ ಪಕ್ಕೆಯ ಮೇಲೆ ಬಾಣದಂಥ ಒಂದು ಗುರುತು ಕಂಡಿತು.

“ಇದೇನು ಸುಳೀನಾ?”

“ಅಲ್ಲ ಯಜಮಾನ್ರೇ. ಯಾವ ಕಡೆ ತಿರುಗ್ಬೇಕು ಅನ್ನೋ ಗುರುತು.”

ಎತ್ತಿನ ಮೈಮೇಲೂ ಕೂದಲ ಸುಳಿಯ ಬದಲು ಹೀಗೆ ಬರೆದು ಕಳಿಸಿದ್ದರೆ ನಲವತ್ತು ವರ್ಷ ನನಗೆ ಕೆಲಸವೇ ಇರುತ್ತಿರಲಿಲ್ಲ.

“ನಡೆಸಿ ತೋರ್ಸಪ್ಪ” ಎಂದೆ.

“ಏನನ್ನ?”

“ಟೈರ್ನ. ನಡಿಗೆ ನೋಡ್ದೆ ತಗಳಕ್ಕಾಯ್ತದಾ?”

ಪಾಪ, ಆ ದೊಡ್ಡ ಅಂಗಡಿಯ ಯಜಮಾನ ಬಿ.ಎಚ್. ರಸ್ತೆಯ ಪಕ್ಕ ಬರಿ ಟೈರನ್ನು ಉರುಳಿಸುತ್ತಾ ಹಿಂದೆ ಓಡಿದ. ಆಂಜನಪ್ಪನವರು ಕಣ್ಣು ಕಿರಿದು ಮಾಡಿ, “ಎಡಗಾಲು ಕುಂಟ್ತೈತೆ” ಎಂದರು. ಇನ್ನೊಮ್ಮೆ ಉರುಳಿಸಲು ಹೇಳಿದೆವು. ಅಷ್ಟರಲ್ಲಿ ಹತ್ತಾರು ಜನ ಸೇರಿ, ಏನು ಮಾರಾಟಕ್ಕಿದೆ ಎಂದು ಕೇಳತೊಡಗಿದರು. ಇಂಪನಾ ಮುಖಕ್ಕೆ ದುಪಟ್ಟಾ ಮುಚ್ಚಿಕೊಂಡಳು.

ಬೀಗರಿಗೆ ನನ್ನ ಟೈರು ಹಿಡಿಸಲಿಲ್ಲ. ಅವರು ಎತ್ತಿಕೊಂಡದ್ದು ತೆಳ್ಳಗಿನದು. ಹಲ್ಲುಗಳು ಸಣ್ಣವು, ಒತ್ತೊತ್ತಾಗಿ ಹಾಲುಹಲ್ಲಿನಂತಿದ್ದವು.

“ಓಡೋ ಕುದ್ರೆಗೆ ಲಾಳ ಹಗುರ ಇರ್ಬೇಕು. ನಿಮ್ದು ನೇಗ್ಲು ಕಟ್ಟಕ್ಕೆ ಸರಿ.”

“ನಿಮ್ಮದ್ರಲ್ಲಿ ಜಲ್ಲಿ ಮೇಲೆ ಹೋದ್ರೆ ಕೂಸು ಹೋದ್ವರ್ಷದಂಗೇ ಮಕಾಡೆ ಬೀಳ್ತದೆ.”

ಅರ್ಧ ಗಂಟೆ ಹೀಗೇ ನಡೆಯಿತು. ಕೊನೆಗೆ ಮೋಹನ್‌ಕುಮಾರನೇ ಸುಸ್ತಾಗಿ, “ಇಬ್ರೂ ಸರೀನೇ. ಮುಂದಕ್ಕೆ ಇವರದು ಹಾಕಿ, ತಿರುವಲ್ಲಿ ಹಿಡೀತದೆ. ಹಿಂದಕ್ಕೆ ಅವರದು, ಹಗುರವಾಗಿ ಓಡ್ತದೆ. ರೇಸಿನವ್ರು ಹಂಗೇ ಹಾಕೋದು” ಎಂದ. ಜೋಡಿ ಹೊಂದದ ಟೈರು ಕಟ್ಟುವುದು ನನಗೆ ಸರಿಯೆನಿಸಲಿಲ್ಲ. ಆದರೂ ಮುಂದಿನದು ನನ್ನದು ತಾನೇ ಎಂದು ಒಪ್ಪಿದೆ.

ಉಳಿದದ್ದು ಗಾಳಿ. ಆಂಜನಪ್ಪನವರು ಮೂವತ್ತು ಪಾಯಿಂಟ್ ಎಂದರು, ಕುದುರೆಯ ಗೊರಸಿನಂತೆ ಗಟ್ಟಿಯಾಗಿರಬೇಕಂತೆ. ನಾನು ಹದಿನಾರು ಎಂದೆ. ಎತ್ತಿನ ಗೊರಸು ಸೀಳು, ನೆಲಕ್ಕೆ ಊರಿದಾಗ ಅರಳುತ್ತದೆ, ಅರಳಿದ್ದರಿಂದಲೇ ಹಿಡಿಯುತ್ತದೆ. ಮಾತು ಜೋರಾಯಿತು, ಜನ ಇನ್ನೂ ಸೇರಿದರು. ನಾಲ್ಕು ಜನರ ಎದುರು ಬೀಗರೊಡನೆ ಕೂಗಾಡುವುದು ಬೇಡವೆಂದು ಹೆಗಲ ಟವಲ್ಲು ತೆಗೆದು ನಮ್ಮಿಬ್ಬರ ಕೈಮೇಲೆ ಹಾಕಿದೆ.

ಎತ್ತಿನ ವ್ಯಾಪಾರ ಬಾಯಲ್ಲಿ ನಡೆಯುವುದಿಲ್ಲ. ಟವಲ್ಲಿನ ಕೆಳಗೆ ಬೆರಳು ಹಿಡಿಯುತ್ತೇವೆ. ಮೊದಲು ಹಿಡಿದದ್ದು ಹತ್ತರ ಲೆಕ್ಕ, ಆಮೇಲೆ ಹಿಡಿದದ್ದು ಬಿಡಿ. ಅಲ್ಲಿ ಸುಳ್ಳು ಹೇಳುವಂತಿಲ್ಲ, ಅಲ್ಲಿ ಆದದ್ದನ್ನು ಹೊರಗೆ ಬಾಯಿಬಿಡುವಂತಿಲ್ಲ. ಬೀಗರು ನನ್ನ ಮೂರು ಬೆರಳು ಹಿಡಿದರು. ನಾನು ಅವರದೊಂದು ಹಿಡಿದು, ಬಿಟ್ಟು, ಐದಕ್ಕೆಂದು ಕೈಯೆಲ್ಲ ಹಿಡಿದು, ಮತ್ತೆ ಒಂದು ಹಿಡಿದೆ. ಅವರು ತಲೆ ಅಲ್ಲಾಡಿಸಿದರು. ಬೀದಿಯೆಲ್ಲ ಉಸಿರು ಬಿಗಿಹಿಡಿದು ಟವಲ್ಲನ್ನೇ ನೋಡುತ್ತಿತ್ತು.

“ರೇಸ್ ಓಡ್ಸೋಳು ನಾನು!” ಎಂದು ಇಂಪನಾ ಬಂದವಳೇ ಟವಲ್ಲಿನ ಕೆಳಗೆ ಎರಡೂ ಕೈ ತೂರಿಸಿದಳು. ಎಡಗೈಲಿ ಅವರ ಬೆರಳು, ಬಲಗೈಲಿ ನನ್ನ ಬೆರಳು ಹಿಡಿದಳು. ಎರಡು. ಬಿಟ್ಟು, ಮತ್ತೆ ಎರಡು. ಚಿಕ್ಕವಳಿದ್ದಾಗ ಅಳು ನಿಲ್ಲಿಸಲು ನಾನೇ ಕಲಿಸಿದ ಲೆಕ್ಕ. ಇಪ್ಪತ್ತೆರಡು, ಎರಡೂ ಚಕ್ರಕ್ಕೆ. ಹಿಡಿತ ಎಷ್ಟು ಬಿಗಿಯಾಗಿತ್ತೆಂದರೆ ಇಬ್ಬರೂ ಬಾಯಿ ಮುಚ್ಚಿಕೊಂಡು ಒಪ್ಪಿದೆವು.

“ಎಷ್ಟಕ್ಕಾಯ್ತು?” ಎಂದು ಮೋಹನ್‌ಕುಮಾರ್ ಕೇಳಿದ. ಗಾಳಿ ಹೊಡೆಯಬೇಕಾದವನು ಅವನು. ಬಾಯಲ್ಲಿ ಹೇಳುವಂತಿಲ್ಲವಲ್ಲ, ಅವನ ಕೈಯನ್ನೂ ಟವಲ್ಲಿನ ಕೆಳಗೆ ಎಳೆದುಕೊಂಡು, ಲೆಕ್ಕ ಕಲಿಸಿಯೇ ಹೇಳಬೇಕಾಯಿತು.

ಸುದ್ದಿ ಹೇಗೆ ಹರಡಿತೋ, ರೇಸಿನ ದಿನ ನಾನು ದೇವರಾಯನದುರ್ಗದ ತಪ್ಪಲಲ್ಲಿ ಕಾಲಿಟ್ಟ ಕೂಡಲೇ ರೇಣುಕಾಪ್ರಸಾದ್ ಎಂಬವರು ಹತ್ತಿರ ಬಂದರು. ತಮ್ಮ ತಂಗಿಯ ಮಗಳು ಪಲ್ಲವಿಗೆ ಅವರೇ ತರಬೇತಿ ಕೊಡುವವರು. ಹೋದ ವರ್ಷ ಮೂರನೆಯವಳಾಗಿ ಬಂದವಳು ಆ ಪಲ್ಲವಿಯೇ. ಅದೇ ಅಂಗಡಿಯಲ್ಲಿ ಅದೇ ಎರಡು ಟೈರು ತಂದಿದ್ದಾರೆ, ಗಾಳಿಯೊಂದು ಗೊತ್ತಿಲ್ಲ. ಅವರೇ ಒಂದು ಹೊಸ ಟವಲ್ಲು ತಂದು ನನ್ನ ಕೈಮೇಲೆ ಹಾಸಿದರು. ಟವಲ್ಲಿನೊಳಗೆ ಕೈ ಇಟ್ಟವನಿಗೆ ಇಲ್ಲವೆನ್ನಲು ನನಗೆ ಬರುವುದಿಲ್ಲ. ಎರಡು ಬೆರಳು ಹಿಡಿದೆ, ಬಿಟ್ಟು, ಮತ್ತೆ ಎರಡು ಹಿಡಿದೆ. ಕೈಮುಗಿದು ಓಡಿದರು.

ರೇಸಿಗೆ ಇನ್ನು ಹತ್ತು ನಿಮಿಷ. ಹನ್ನೊಂದು ಹುಡುಗಿಯರು ಗೆರೆಯ ಮೇಲೆ ನಿಂತಿದ್ದರು. ಪಲ್ಲವಿಯ ಟೈರನ್ನು ರೇಣುಕಾಪ್ರಸಾದ್ ಬೆರಳಲ್ಲಿ ಬಡಿದು ನೋಡುತ್ತಿದ್ದರು. ಗಿಟುಕು ಕೊಬ್ಬರಿಯಂತೆ ಟಣ್ ಟಣ್ ಎಂದಿತು.

“ಎಷ್ಟು ಹಾಕಿದ್ರಿ ಸಾಮಿ?”

ಅವರು ಕಣ್ಣು ಹೊಡೆದು ಮೆಲ್ಲಗೆ ಹೇಳಿದರು. “ನೀವ್ ಹೇಳ್ದಷ್ಟೇ ಯಜಮಾನ್ರೇ. ಎರಡೂ ಎರಡೂ ನಾಲ್ಕು. ನಲವತ್ತು.”

ಅಷ್ಟು ಗಟ್ಟಿ ಟೈರು ಜಲ್ಲಿಯ ಇಳಿಜಾರಿನಲ್ಲಿ ಪುಟಿದು ಹುಡುಗಿಯನ್ನು ಬಿಸಾಕುತ್ತದೆ. ಬಾಯಿ ತೆರೆಯುವಷ್ಟರಲ್ಲಿ ಆಂಜನಪ್ಪನವರು ನನ್ನ ತೋಳು ಹಿಡಿದೆಳೆದರು.

“ಬುಡಿ ಬೀಗ್ರೇ. ನೀವು ಸುಳ್ಳಾಡಿಲ್ಲ. ಅವ್ರು ಕೂಡ್ಕಂಡ್ರೆ ನಿಮ್ ತಪ್ಪಾ?”

“ಆ ಮಗು ಬೀಳ್ತದೆ.”

“ಬಿದ್ರೆ ನಮ್ಮಗು ಮೂರ್ನೇದಾಯ್ತದೆ. ಯೋಚ್ನೆ ಮಾಡಿ.”

ಯೋಚನೆ ಮಾಡಿದೆ, ಇಲ್ಲವೆನ್ನುವುದಿಲ್ಲ. ಒಂದು ಗಳಿಗೆ ಮಾಡಿದೆ. ಆಮೇಲೆ ಹೇಳಲು ಹೋದರೆ ದನಿಯೇ ಹೊರಡಲಿಲ್ಲ. ಟವಲ್ಲಿನ ಮಾತನ್ನು ಹೊರಗೆ ಹೇಳಿ ಅಭ್ಯಾಸವಿರದ ಬಾಯಿ, ಬರಿದೇ ತೆರೆದು ಮುಚ್ಚಿತು.

ಗೆರೆಯ ಮೇಲಿದ್ದ ಇಂಪನಾ ತಿರುಗಿ ನೋಡಿದಳು. ನಮ್ಮ ಪಿಸುಮಾತು ಅವಳವರೆಗೂ ಕೇಳಿಸಿತ್ತು.

“ಲೇ ಪಲ್ಲವಿ! ನಲವತ್ತಲ್ಲ ಕಣೇ, ಇಪ್ಪತ್ತೆರಡು! ಗಾಳಿ ಬುಡು, ಬಿದ್ದೋಗ್ತೀಯ!”

ಪಲ್ಲವಿ ಬಗ್ಗಿ ಗಾಳಿ ಬಿಟ್ಟಳು. ಅದನ್ನು ಕಂಡು ಅವಳ ಪಕ್ಕದವಳೂ ಬಗ್ಗಿದಳು, ಅದರಾಚೆಯವಳೂ ಬಗ್ಗಿದಳು. ಸಾಲು ಪೂರ್ತಿ ಬುಸ್ಸೆಂದಿತು. ಸೀಟಿ ಊದಬೇಕಿದ್ದವರು ಹಾವೆಂದು ಹೆದರಿ ಹಿಂದಕ್ಕೆ ನೆಗೆದರು. ಎಲ್ಲರೂ ಗಾಳಿಮಾಪಕ ಹುಡುಕಿ ಇಪ್ಪತ್ತೆರಡು ಮಾಡಿಕೊಳ್ಳುವ ಹೊತ್ತಿಗೆ ರೇಸು ಕಾಲು ಗಂಟೆ ತಡವಾಯಿತು.

ಮೂರು ಸುತ್ತು. ನಾನು ಜಲ್ಲಿಯ ಇಳಿಜಾರಿನ ಬಳಿ ಒಂದು ಬಂಡೆ ಹಿಡಿದು ನಿಂತೆ. ಮೂರು ಸಲವೂ ಇಂಪನಾಳ ಮುಂದಿನ ಚಕ್ರ ಕಲ್ಲು ಕಚ್ಚಿಕೊಂಡು ಇಳಿಯಿತು, ಒಮ್ಮೆಯೂ ಜಾರಲಿಲ್ಲ. ಕೊನೆಯ ಸುತ್ತಿನಲ್ಲಿ ಅವಳು ಇಳಿದ ಮೇಲೆ ಅಡ್ಡಹಾದಿಯಲ್ಲಿ ಕುಂಟುತ್ತ ಗೆರೆಯ ಬಳಿಗೆ ಬಂದೆ. ಶಿರಾದ ಹುಡುಗಿಯೊಬ್ಬಳು ಮೊದಲು ದಾಟಿದಳು, ಹಿಂದೆಯೇ ಪಲ್ಲವಿ. ಆಮೇಲೆ ಧೂಳೆಬ್ಬಿಸಿಕೊಂಡು ಇಬ್ಬರು ಒಟ್ಟಿಗೇ ಬಂದರು, ಒಬ್ಬಳು ನಮ್ಮವಳು. ಯಾರು ಮುಂದೆಂದು ಬರಿಗಣ್ಣಿಗೆ ತಿಳಿಯಲಿಲ್ಲ. ಫಲಿತಾಂಶ ಬರೆಯುವ ಪ್ರೇಮಲತಾ ಮೇಡಂ ಫೋಟೋ ನೋಡಿ ಕೂಗಿದರು. “ಮೂರನೇ ಸ್ಥಾನ, ಇಂಪನಾ, ಗುಬ್ಬಿ.”

ನಾನು ಕಣ್ಣೊರೆಸಿಕೊಳ್ಳುವ ಮುಂಚೆಯೇ ಆಂಜನಪ್ಪನವರು ಮೇಜಿನ ಹತ್ತಿರ ಹೋಗಿಬಿಟ್ಟಿದ್ದರು.

“ನೂಕಿದ್ದು ಹಿಂದಿನ್ ಚಕ್ರ. ಅದ್ನೂ ಬರ್ಕೊಳಿ ಮೇಡಂ.”

“ಗೆರೆ ಮುಟ್ಟಿದ್ದು ಮುಂದಿನ್ದು” ಎಂದೆ.

“ಹಿಂದಿನ್ದು ಎಷ್ಟ್ನೇದು ಬಂತು? ಫೋಟೋ ಐತಲ್ಲ, ನೋಡಿ ಹೇಳಿ.”

ಮೇಡಂ ಒಳ್ಳೆಯವರು, ನಿಜಕ್ಕೂ ನೋಡಿದರು. ಪಕ್ಕದ ಹುಡುಗಿಯ ಮುಂದಿನ ಚಕ್ರ ನಮ್ಮವಳ ಎರಡು ಚಕ್ರಗಳ ನಡುವೆ ಗೆರೆ ದಾಟಿತ್ತು.

“ಹಂಗೆ ಲೆಕ್ಕ ಹಾಕಿದ್ರೆ ನಿಮ್ಮ ಮುಂದಿನ ಚಕ್ರ ಮೂರನೇದು, ಹಿಂದಿನದು ನಾಲ್ಕನೇದಕ್ಕಿಂತ ಹಿಂದೆ ಅಜ್ಜಾ.”

ಬೀಗರ ಮುಖ ಬಿಳಿಚಿತು. “ಹಂಗಾದ್ರೆ ರಾಜ್ಯದ್ ಟೀಮಿಗೆ ಮುಂದಿನ್ದೊಂದೇ ಹೋಯ್ತದಾ?”

“ಸೈಕಲ್ ಪೂರ್ತಿ ಕಳ್ಸಿ ಪರವಾಗಿಲ್ಲ” ಎಂದು ಮೇಡಂ ಕಾಗದವೊಂದಕ್ಕೆ ಸೀಲು ಒತ್ತಿದರು.

ಆ ಕಾಗದ ಇಸಿದುಕೊಂಡು ಇಂಪನಾ ನಮ್ಮಿಬ್ಬರ ನಡುವೆ ನೆಲದ ಮೇಲೆ ಕೂತಳು. ಬೆವರು, ಧೂಳು, ಏದುಸಿರು. “ಚಕ್ರ ಎಷ್ಟ್ನೇದು, ಚಕ್ರ ಎಷ್ಟ್ನೇದು! ನಾನೆಷ್ಟ್ನೇದು ಅಂತ ಒಬ್ರಾದ್ರೂ ಕೇಳಿದ್ರಾ?”

“ನೀನ್ ಮೂರ್ನೇದು ಕಣವ್ವ” ಎಂದೆವು ಇಬ್ಬರೂ ಒಟ್ಟಿಗೆ. ಅವತ್ತೆಲ್ಲ ನಾವಿಬ್ಬರೂ ಒಪ್ಪಿದ ಮಾತು ಅದೊಂದೇ.