ಎಂಟನೆಯ ಬೊಟ್ಟು

"ಗಂಡನ್ನ ನುಂಗಿದ್ದು ಸಾಲಲಿಲ್ಲೇನ ರಂಡಿ? ಈ ಬಿಲ್ಡಿಂಗೂ ನುಂಗಬೇಕಂತ ಮಾಡಿಯೇನು? ಆ ಮೂಲಿ ಒಣಗ್ಯದ, ನೀರ ಹೊಡಿ!"

ಕೆಳಗೆ ನಿಂತು ಕೂಗಿದವನು ಮನೋಹರ ಶೇಟ್. ಮೂರನೆಯ ಮಾಳಿಗೆಯ ಮೇಲೆ ಪೈಪು ಹಿಡಿದು ನಿಂತಿದ್ದ ಮರೆಮ್ಮ ಬಗ್ಗಿ ನೋಡಲಿಲ್ಲ. ಮೂಲೆಯ ಕಡೆ ತಿರುಗಿ, ಪೈಪಿನ ಬಾಯಿಯನ್ನು ಹೆಬ್ಬೆರಳಿಂದ ಅರ್ಧ ಮುಚ್ಚಿ, ನೀರನ್ನು ಜಿನುಗು ಮಳೆಯ ಹಾಗೆ ಹರಡಿದಳು. ಮೂಲೆ ಒಣಗಿರಲಿಲ್ಲ. ಕೆಳಗೆ ನಿಂತವನಿಗೆ ಮೂಲೆ ಕಾಣುವುದೂ ಇಲ್ಲ. ಆದರೆ ಆ ಮಾತು ಒಂದನ್ನು ಎಸೆದರೆ ಸಾಕು, ಮರೆಮ್ಮ ಇಬ್ಬರ ಕೆಲಸ ಒಬ್ಬಳೇ ಮಾಡುತ್ತಾಳೆ ಎಂಬುದು ಅವನಿಗೆ ಗೊತ್ತಿತ್ತು.

ಶೇಟ್ ಅಂದರೆ ಹುಟ್ಟು ಶೇಟ್ ಅಲ್ಲ. ಅವನೂ ಮರೆಮ್ಮನ ಹಾಗೆ ಸುರಪುರದ ಕಡೆಯವನೇ. ಒಂದು ಕಾಲಕ್ಕೆ ಪುಣೆಯ ಭೋಸರಿಯಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತವನು. ಈಗ ಬುಟ್ಟಿ ಹೊರುವವರನ್ನು ಊರಿಂದ ತಂದು ಬಿಲ್ಡರುಗಳಿಗೆ ಒದಗಿಸುವ ಗುತ್ತಿಗೆದಾರ. ಬಲಗೈಯ ಹೆಬ್ಬೆರಳಿನಲ್ಲಿ ದಪ್ಪ ಚಿನ್ನದ ಉಂಗುರ.

ಧನಕವಡಿಯ ಗುಡ್ಡದ ಮಗ್ಗುಲಿಗೆ ಏಳುತ್ತಿದ್ದ ಆ ಕಟ್ಟಡದಲ್ಲಿ ಮರೆಮ್ಮನದು ನೀರು ಕುಡಿಸುವ ಕೆಲಸ. ಹಾಕಿದ ಹೊಸ ಕಾಂಕ್ರೀಟು ತಾನಾಗಿ ಗಟ್ಟಿಯಾಗುವುದಿಲ್ಲ. ಒಳಗೊಳಗೆ ಕಾಯುತ್ತದೆ, ಅಂಗೈ ಇಟ್ಟರೆ ಜ್ವರ ಬಂದ ಮೈ. ದಿನಕ್ಕೆ ನಾಲ್ಕೈದು ಸಲ ನೀರು ಕುಡಿಸದಿದ್ದರೆ ಬಿರುಕು ಬಿಡುತ್ತದೆ. ಮರೆಮ್ಮ ಸ್ಲ್ಯಾಬಿನ ಮೇಲೆ ಮಣ್ಣಿನ ಬದು ಹಾಕಿ, ಭತ್ತದ ಮಡಿಯ ಹಾಗೆ ಚೌಕ ಚೌಕ ಮಾಡಿ ನೀರು ನಿಲ್ಲಿಸುವಳು. ಕಂಬಗಳಿಗೆ ಗೋಣಿತಟ್ಟು ಸುತ್ತಿ ತೋಯಿಸುವಳು. ಅವಳವ್ವ ಊರಲ್ಲಿ ಸೂಲಗಿತ್ತಿ. "ಹೆತ್ತಾಕಿ ಆಗ್ಲಿ, ಹುಟ್ಟಿದ ಕೂಸ ಆಗ್ಲಿ, ಹಸಿಮೈ ಇರೂತನ ಬಿಟ್ಟು ಏಳಬಾರದು" ಎನ್ನುತ್ತಿದ್ದಳು. ಈ ಮಾತು ಸಿಮೆಂಟಿಗೂ ಸಲ್ಲುತ್ತದೆಂದು ಮರೆಮ್ಮನಿಗೆ ಪುಣೆಗೆ ಬಂದ ಮೇಲೆ ತಿಳಿಯಿತು.

ಓದು ಬಾರದು. ಆದರೆ ಲೆಕ್ಕ ತಪ್ಪುತ್ತಿರಲಿಲ್ಲ. ಪ್ರತಿ ದಿನ ನಸುಕಿನಲ್ಲಿ ಮೊದಲ ಬೊಗಸೆ ನೀರನ್ನು ಮೂಡಲಿಗೆ ಎರಚಿ, ಮೆಟ್ಟಿಲ ಪಕ್ಕದ ಕಂಬದ ಮೇಲೆ ಒಂದು ಕುಂಕುಮದ ಬೊಟ್ಟು ಇಡುತ್ತಿದ್ದಳು. ಒಂದೊಂದು ಸ್ಲ್ಯಾಬಿಗೆ ಒಂದೊಂದು ಸಾಲು. ತನ್ನ ಹಣೆಗೆ ಇಟ್ಟುಕೊಳ್ಳಲು ಬಾರದ ಕುಂಕುಮ. ಭರಣಿ ಮಾತ್ರ ಹಳೆಯದು, ಮದುವೆಯಲ್ಲಿ ಗಂಡ ತಂದದ್ದು. ಬೊಟ್ಟು ಇಡುವಾಗ ಒಂದೇ ಮಾತು ಅನ್ನುತ್ತಿದ್ದಳು: "ತಪ್ಪಾಯ್ತು."

ಎರಡು ವರ್ಷದ ಹಿಂದೆ ಕೊಂಢವಾದಲ್ಲಿ ಇದೇ ಶೇಟ್‌ನ ಕೆಲಸ. ಏಳು ದಿನ ಬಾಲ್ಕನಿಗೆ ನೀರು ಕುಡಿಸಿದ್ದಳು. ಎಂಟನೆಯ ದಿನ ಜ್ವರ ಬಂದು ತಗಡಿನ ಶೆಡ್ಡಿನಲ್ಲಿ ಮಲಗಿಬಿಟ್ಟಳು. ಒಂಬತ್ತನೆಯ ದಿನ ಆ ಬಾಲ್ಕನಿ ಮುರಿದು ಬಿತ್ತು. ಮೇಲೆ ಇಟ್ಟಿಗೆ ಹೊತ್ತು ನಿಂತಿದ್ದವನು ಅವಳ ಗಂಡ.

ಧೂಳು ಇಳಿಯುವ ಮೊದಲೇ ಶೇಟ್ ಎಲ್ಲರ ಮುಂದೆ ಎದೆ ಬಡಿದುಕೊಂಡಿದ್ದ. "ಈಕಿ ಒಂದಿನ ನೀರ ಹಾಕ್ಲಿಲ್ಲ, ಕಾಂಕ್ರೀಟ ಬಿರೀತು! ಮಲಕೊಂಡು ಗಂಡನ್ನ ತಿಂದ್ಲು!" ಆಮೇಲೆ ತಪ್ಪು ಅವಳದೇ ಎಂದು ಬರೆದ ಒಂದು ಕಾಗದ ತಂದು, ಅವಳ ಹೆಬ್ಬೆರಳನ್ನು ಆ ಉಂಗುರದ ಕೈಯಲ್ಲಿ ಹಿಡಿದು ಮಸಿಗೆ ಒತ್ತಿದ. ಅವಳು ಒತ್ತಿಸಿಕೊಂಡಳು. ನೀರು ಹಾಕಿರಲಿಲ್ಲವಲ್ಲ.

ಅಂದಿನಿಂದ ನಸುಕಿನಲ್ಲಿ ಯಾರೋ ಅವಳ ಭುಜ ಹಿಡಿದು ಅಲುಗಾಡಿಸಿ ಎಬ್ಬಿಸುತ್ತಿದ್ದರು. ಗಂಡನೇ ಎಂದುಕೊಂಡು ಏಳುತ್ತಿದ್ದಳು.

*

ಶುಕ್ರವಾರ ಬಿಲ್ಡರನ ಆಫೀಸಿನಿಂದ ಒಬ್ಬ ಹುಡುಗ ಬಂದ. ಅಭಿಲಾಷ ಎಂದು ಹೆಸರು, ಬೆಂಗಳೂರಿನವನು. ಕೂಲಿಯವರನ್ನೆಲ್ಲ ಪಾರ್ಕಿಂಗಿನ ನೆರಳಿನಲ್ಲಿ ಕೂರಿಸಿ, ಫೋನನ್ನು ಒಂದು ಕೋಲಿಗೆ ಸಿಕ್ಕಿಸಿ ನಿಲ್ಲಿಸಿದ.

"ನೋಡಿ, ಸಂಬಳಕ್ಕೋಸ್ಕರ ಎಲ್ರೂ ಕೆಲ್ಸ ಮಾಡ್ತಾರೆ. ಬಟ್ ಕೆಲವರು ಎಕ್ಸ್‌ಟ್ರಾ ಎಫರ್ಟ್ ಹಾಕ್ತಾರಲ್ವಾ, ಅದು ಒಳಗಿಂದ ಬರ್ಬೇಕು. ನಿಮಗೆ ಒಳಗಿಂದ ಏನು ಬರುತ್ತೆ? ಯಾರಾದ್ರೂ ಹೇಳಿ."

ಜಲ್ಲಿ ಹೊರುವ ಸುಮಂಗಲಾ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು ಅಂದಳು, "ಒಳಗಿಂದ ಏನ್ ಬರ್ತದ್ರಿ ಸಾಹೇಬ್ರ. ಬೆವರು ಬರ್ತದ. ಅದೂ ಹೊರಗ ಬಂದಕೂಡ್ಲೆ ಒಣಗ್ತದ."

ಎಲ್ಲರೂ ನಕ್ಕರು. ಅಭಿಲಾಷನೂ ನಕ್ಕ. ಶೇಟ್ ನಗಲಿಲ್ಲ. "ಮುಚ್ಕೊಂಡು ಕುಂದ್ರ ಭೋಸಡಿ" ಎಂದು ಅವಳಿಗೆ ಗದರಿಸಿ, ಮರೆಮ್ಮನ ರಟ್ಟೆ ಹಿಡಿದು ಮುಂದಕ್ಕೆ ದಬ್ಬಿದ. "ಈಕಿನ್ನ ಕೇಳ್ರಿ ಸರ್. ಹಬ್ಬಿಲ್ಲ, ಹುಣ್ಣಿಮಿಲ್ಲ, ಒಂದಿನ ಸುಟಿ ತೊಗೊಂಡಿಲ್ಲ. ಹೇಳಬೇ ಮರೆಮ್ಮ, ಯಾಕ ಇಷ್ಟ ದುಡೀತಿ ಅಂತ."

ಮರೆಮ್ಮ ನೆಲ ನೋಡಿದಳು. ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ.

"ಒಂದಿನ ನೀರ ಹಾಕ್ಲಿಲ್ರಿ. ನನ್ನ ಗಂಡ ಹೋದ. ಅದಕ್ಕ ಈಗ ಹಾಕ್ತೀನಿ."

ಅಭಿಲಾಷನ ಕಣ್ಣು ನಿಜವಾಗಿಯೂ ತೇವವಾಯಿತು.

"ಅಮ್ಮಾ... ಸೂಪರ್. ತುಂಬಾ ಟಚಿಂಗ್. ಅವರ ಹೆಸರೇನು?"

ಮರೆಮ್ಮ ಗಂಡನ ಹೆಸರು ಹೇಳುವವಳಲ್ಲ. ಸುಮಂಗಲಾ ಹೇಳಿದಳು, "ಕಾಶಪ್ಪ ಅಂತ್ರಿ."

"ಓಕೆ. ಆದ್ರೆ ಹಿಂದುಗಡೆ ಆ ಮಿಕ್ಸರ್ ಸೌಂಡ್ ಬಂದ್ಬಿಡ್ತು. ಇನ್ನೊಂದ್ ಸಲ ಹೇಳ್ತೀರಾ, ಪ್ಲೀಸ್?"

ಶೇಟ್ ಓಡಿಹೋಗಿ ಮಿಕ್ಸರ್ ಬಂದ್ ಮಾಡಿಸಿದ. ಮರೆಮ್ಮ ಎರಡನೆಯ ಸಲ ಹೇಳಿದಳು. ನಡುವೆ ದನಿ ಒಡೆಯಿತು.

"ಗುಡ್, ಗುಡ್. ಈಗ ಕ್ಯಾಮೆರಾ ನೋಡ್ಕೊಂಡು. ಕೊನೆಗೆ 'ಅದಕ್ಕೇ ನಾನು ಮನಸಿಟ್ಟು ಕೆಲಸ ಮಾಡ್ತೀನಿ' ಅಂತ ಮುಗಿಸಿ. ಲಾಸ್ಟ್ ಟೈಮ್."

ಮೂರನೆಯ ಸಲ ದನಿ ಒಡೆಯಲಿಲ್ಲ. ದಾರಿ ಕೇಳಿದವರಿಗೆ ದಾರಿ ಹೇಳಿದಂತೆ ಹೇಳಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳಿಗೊಂದು ಹೊಸ ಹಳದಿ ಹೆಲ್ಮೆಟ್ ಕೊಟ್ಟರು.

ಚಪ್ಪಾಳೆಯ ನಡುವೆ ಒಬ್ಬ ಎದ್ದು ಹೋದ. ಸ್ಲ್ಯಾಬಿಗೆ ಕಂಬ ಕೊಟ್ಟು ಹಲಗೆ ಕಟ್ಟುವ, ಆಮೇಲೆ ಅದನ್ನು ಬಿಚ್ಚುವ ಕೆಲಸದ ಅವ್ವಣ್ಣ. ಹಿಂದೆ ಕೊಂಢವಾದಲ್ಲೂ ಇದ್ದವನು. ಅವನು ಮರಳಿನ ಗುಡ್ಡೆಯ ಹಿಂದೆ ಕೂತು ವಾಂತಿ ಮಾಡಿದ್ದನ್ನು ಸುಮಂಗಲಾ ಕಂಡಳು. ಮುಂಜಾನೆಯೇ ಕುಡಿದಿದ್ದಾನೆ ಎಂದುಕೊಂಡಳು.

*

ಶನಿವಾರ ಕಂಬದ ಮೇಲೆ ಎಂಟನೆಯ ಬೊಟ್ಟು ಬಿತ್ತು.

ಹತ್ತು ಗಂಟೆಗೆ ಕೆಳಗೆ ಎರಡನೆಯ ಮಾಳಿಗೆಯಲ್ಲಿ ಮಾತು ಜೋರಾಯಿತು. ಅಲ್ಲೊಂದು ಮನೆಯನ್ನು ಗಿರಾಕಿಗಳಿಗೆ ತೋರಿಸಲೆಂದು ಬಣ್ಣ ಹೊಡೆದು, ಪರದೆ ಕಟ್ಟಿ ಸಿಂಗರಿಸಿದ್ದರು. ಅದರ ಬಾಲ್ಕನಿಯಲ್ಲಿ ಆರು ಕಬ್ಬಿಣದ ಜಾಕಿಗಳು ನಿಂತು ಮೇಲಿನ ಹಸಿ ಬಾಲ್ಕನಿಯನ್ನು ಹೊತ್ತಿದ್ದವು. ಇಪ್ಪತ್ತೊಂದು ದಿನ ಮುಟ್ಟಬಾರದೆಂದು ಇಂಜಿನಿಯರು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ಹೋಗಿದ್ದ.

"ನಾಳಿ ಐತವಾರ, ಗಿರಾಕಿ ಬರ್ತಾರ. ಗುಡ್ಡ ಕಾಣಬೇಕಂತ ಬರೋವ್ರು. ಈ ಜಾಕಿ ನೋಡಿ ಏನ ಮಾಡ್ತಾರ ನಿಮ್ಮಪ್ಪಂದು? ಬಿಚ್ಚು."

ಪೈಪನ್ನು ಮಡಿಯಲ್ಲಿ ಬಿಟ್ಟು ಮರೆಮ್ಮ ಇಳಿದು ಬಂದಳು. ಶೇಟ್‌ನ ಮುಂದೆ ಅವ್ವಣ್ಣ ಸುತ್ತಿಗೆ ಹಿಡಿದು ನಿಂತಿದ್ದ.

"ಇನ್ನಾ ಎಂಟ ದಿನದ ಕೂಸ ಅದು, ಸಾವ್ಕಾರ್ರ" ಎಂದಳು. "ನಾ ನೀರ ಹಾಕ್ಲಕತ್ತೀನಿ. ಒಂದಿನಾನೂ ತಪ್ಪಿಸಿಲ್ಲ. ಆದ್ರ ಈಗ ಬಿಚ್ಚಿದ್ರ ನಿಲ್ಲಂಗಿಲ್ರಿ."

"ನಿಂಗ ಯಾವ ಸೂಳಿಮಗ ಕೇಳ್ಯಾನ? ನಿನ್ನ ಕೆಲ್ಸ ನೀರ ಹೊಡಿಯೂದು. ಹೋಗು. ಏ ಅವ್ವ್ಯಾ, ಹೊಡಿ."

ಅವ್ವಣ್ಣ ಸುತ್ತಿಗೆ ಎತ್ತಲಿಲ್ಲ.

"ಹೊಡಿಯಲೇ ಭಾಡ್ಯಾ! ಕೈಗೇನ್ ಲಕ್ವ ಹೊಡದದೇನು?"

ಸುತ್ತಿಗೆ ಅವನ ಕೈಯಿಂದ ಜಾರಿ ಹೊಸ ಟೈಲ್ಸಿನ ಮೇಲೆ ಬಿತ್ತು. ಒಂದು ಟೈಲ್ಸು ಒಡೆಯಿತು. ಅವ್ವಣ್ಣ ಶೇಟ್ ಕಡೆ ನೋಡದೆ ಮರೆಮ್ಮನ ಕಾಲು ನೋಡುತ್ತ ಹೇಳಿದ.

"ಯಕ್ಕಾ. ಕೊಂಢವಾದಾಗೂ ಎಂಟನೇ ದಿನ ಇತ್ತು. ನೀ ಜ್ವರ ಬಂದು ಮಲಗಿದ್ದಿ. ಸಂಜೀಕ ನಾನ ಬಿಚ್ಚಿದೆ. ಇವ ಹೇಳಿದ, ನಾ ಬಿಚ್ಚಿದೆ. ಜಾಕಿ ಮ್ಯಾಲಿನ ಮಾಳಿಗಿಗೆ ಬೇಕಾಗಿತ್ತು. ಮರದಿನ ಬಿತ್ತಲ್ಲ, ಪೊಲೀಸರು ಬರೂದ್ರಾಗ, ಜಾಕಿ ಇದ್ದೂ ಬಿತ್ತು ಅನ್ನೂಹಂಗ, ನಾಕ ಜಾಕಿ ತಂದು ಆ ಒಡದ ರಾಶಿಯೊಳಗ ಒಗದವನೂ ನಾನ."

"ಕುಡದು ಬಂದಿ, ಮಗನ—" ಶೇಟ್ ಅವನ ಕೆನ್ನೆಗೆ ಹೊಡೆದ. ಅವ್ವಣ್ಣ ಕೆನ್ನೆ ಮುಟ್ಟಿಕೊಳ್ಳಲೂ ಇಲ್ಲ.

ಮರೆಮ್ಮ ಕೇಳಿದಳು, "ನೀರ?"

"ನೀರಿಂದಲ್ಲ ಯಕ್ಕಾ. ನೀ ಅರ್ಧತಾಸಿಗೊಮ್ಮಿ ಹಾಲ ಕುಡಿಸಿದ್ರೂ ಅದು ಬೀಳೂದಿತ್ತು."

ಅವಳಿಗೆ ಅಳು ಬರಲಿಲ್ಲ. ಹಗುರವೂ ಆಗಲಿಲ್ಲ. ಎರಡು ವರ್ಷ, ದಿನಾ ನಸುಕಿನಲ್ಲಿ, ತನ್ನ ಭುಜ ಹಿಡಿದು ಅಲುಗಾಡಿಸಿದ ಆ ಕಾಣದ ಕೈಯನ್ನು ಈಗ ಮನಸ್ಸಿನಲ್ಲೇ ಕಂಡಳು. ಅದರ ಹೆಬ್ಬೆರಳಿನಲ್ಲಿ ಉಂಗುರವಿತ್ತು.

ಹಾಗಾದರೆ ಗಂಡ ಬಂದೇ ಇರಲಿಲ್ಲ. ಎಬ್ಬಿಸಲು ಒಂದು ದಿನವೂ ಬಂದಿರಲಿಲ್ಲ. ಅದು ತಿಳಿದಾಗ ಅವಳಿಗೆ ಮೊದಲ ಸಲ ವಿಧವೆಯಾದಂತೆ ಆಯಿತು.

ಮೇಲೆ ಬಿಟ್ಟು ಬಂದ ಪೈಪು ಹರಿಯುತ್ತಲೇ ಇತ್ತು. ಮಡಿ ತುಂಬಿ, ಬದು ಒಡೆದು, ಬಾಲ್ಕನಿಯ ಅಂಚಿನಿಂದ ನೀರು ಹಗ್ಗದ ಹಾಗೆ ಇಳಿಯತೊಡಗಿತು. ಮರೆಮ್ಮ ಅದನ್ನೇ ನೋಡುತ್ತ ನಿಂತಳು. ಈ ನೀರು ಯಾರಿಗೆ? ಇನ್ನು ನಾಳೆ ನಸುಕಿನಲ್ಲಿ ಏಳುವುದು ಯಾಕೆ?

ಶೇಟ್ ತಾನೇ ಬಗ್ಗಿ ಸುತ್ತಿಗೆ ಎತ್ತಿಕೊಂಡ. ಮೊದಲ ಜಾಕಿಗೆ ಒಂದು ಏಟು ಕೊಟ್ಟ. ಮೇಲಿನ ಹಸಿ ಕಾಂಕ್ರೀಟಿನ ಹೊಟ್ಟೆಯೊಳಗಿಂದ ಒಂದು ಸಣ್ಣ ಸದ್ದು ಬಂತು. ನಿದ್ದೆಯಲ್ಲಿ ಕೂಸು ನರಳಿದಷ್ಟು. ಅವಳು ಬಿಟ್ಟರೆ ಯಾರಿಗೂ ಕೇಳಿಸಲಿಲ್ಲ.

ಮರೆಮ್ಮ ಹೋಗಿ ಜಾಕಿಗಳ ನಡುವೆ ಕೂತಳು. ಏಟು ತಿಂದ ಜಾಕಿಯನ್ನು ಎರಡೂ ತೋಳಲ್ಲಿ ತಬ್ಬಿ, ಹಿಂದಿನ ಜಾಕಿಗೆ ಬೆನ್ನು ಒತ್ತಿಕೊಟ್ಟಳು.

"ಏಳ್ತಿಯೋ ಇಲ್ಲೋ ಮುಂಡೆ!"

ಅವನು ಕಾಲಿಂದ ಒದ್ದ. ಅವಳ ಬೆನ್ನು ಜಾಕಿಗೆ ಬಡಿಯಿತು. ಎದ್ದೇಳಲಿಲ್ಲ. ಎರಡನೆಯ ಸಲ ಕಾಲೆತ್ತಿದವನು ಬಾಗಿಲಲ್ಲಿ ಸುಮಂಗಲಾ ಮತ್ತು ಏಳೆಂಟು ಹೆಂಗಸರು ಬಂದು ನಿಂತದ್ದು ಕಂಡು ಕಾಲು ಕೆಳಗಿಟ್ಟ. ಸುಮಂಗಲಾ ಮೇಲೆ ಹೋಗಿ ಪೈಪು ಹಿಡಿದಳು. ಶೇಟ್ ಕೆಳಗಿಳಿದು ಟ್ಯಾಂಕರಿನ ನೀರು ಬಂದ್ ಮಾಡಿಸಿದ. ಹೆಂಗಸರು ತಮ್ಮ ಶೆಡ್ಡಿನ ಕುಡಿಯುವ ನೀರನ್ನು ಕೊಡಗಳಲ್ಲಿ ಮೂರು ಮಾಳಿಗೆ ಹೊತ್ತು ತಂದು ಸುರಿದರು. ಸಂಜೆಗೆ ಮರೆಮ್ಮನ ಗಂಟು, ಹಾಸಿಗೆ, ಆ ಹಳದಿ ಹೆಲ್ಮೆಟ್ಟು ಗೇಟಿನ ಆಚೆ ರಸ್ತೆಯಲ್ಲಿ ಬಿದ್ದಿದ್ದವು.

*

ಭಾನುವಾರ ನಸುಕಿನಲ್ಲಿ ಯಾರೂ ಭುಜ ಅಲುಗಾಡಿಸಲಿಲ್ಲ. ಅವಳೇ ಎದ್ದಳು. ರಾತ್ರಿಯಿಡೀ ಜಾಕಿಗಳ ನಡುವೆ ಕೂತು ಮೊಣಕಾಲು ಹಿಡಿದುಕೊಂಡಿದ್ದವು. ಕಂಬದವರೆಗೆ ಹೋಗಿ ಒಂಬತ್ತನೆಯ ಬೊಟ್ಟು ಇಟ್ಟಳು. "ತಪ್ಪಾ—" ಎಂದು ರೂಢಿಯಲ್ಲಿ ಬಾಯಿಗೆ ಬಂದದ್ದನ್ನು ಅಲ್ಲಿಗೇ ನಿಲ್ಲಿಸಿದಳು. ಸುಮ್ಮನೆ ಕೈ ಮುಗಿದು ಬಂದು ಮತ್ತೆ ಜಾಕಿಗಳ ನಡುವೆ ಕೂತಳು.

ಹನ್ನೊಂದಕ್ಕೆ ಗಿರಾಕಿಗಳು ಬಂದರು. ಗಂಡ, ಹೆಂಡತಿ, ಹೆಂಡತಿಯ ಸೊಂಟದ ಮೇಲೆ ವರ್ಷದ ಹೆಣ್ಣುಕೂಸು. ಜೊತೆಗೆ ಅಭಿಲಾಷ. ಗುಡ್ಡ ನೋಡಲು ಬಾಲ್ಕನಿಗೆ ಬಂದವರು ಅವಳನ್ನು ಕಂಡು ಹಿಂದೆ ಸರಿದರು.

"ಹೀ ಬಾಯಿ ಕೋಣ್?" ಈ ಹೆಂಗಸು ಯಾರು ಎಂದು ಗಂಡ ಮರಾಠಿಯಲ್ಲಿ ಕೇಳಿದ.

"ಆಪಲೀಚ್ ಕಾಮವಾಲಿ, ಸಾಹೇಬ. ಥೋಡಿ ವೇಡಿ ಆಹೇ." ನಮ್ಮ ಕೆಲಸದವಳೇ, ಸ್ವಲ್ಪ ಹುಚ್ಚು. ಶೇಟ್ ನಕ್ಕ.

ಅಭಿಲಾಷ ಮಂಡಿಯೂರಿ ಕೂತ. "ಅಮ್ಮಾ, ನಿಮ್ಮ ವಿಡಿಯೋ ಎಷ್ಟ್ ಜನ ನೋಡಿದಾರೆ ಗೊತ್ತಾ? ಎಲ್ರೂ ನಿಮ್ಮನ್ನ ಹೊಗಳ್ತಿದಾರೆ. ಇವಾಗ ಹೀಗೆ ಮಾಡ್ಬೇಡಿ, ಪ್ಲೀಸ್. ಸ್ವಲ್ಪ ಎದ್ದೇಳಿ."

ಮರೆಮ್ಮ ಅವನ ಮುಖ ನೋಡಿದಳು. ಒಳ್ಳೆಯ ಹುಡುಗ.

"ಅದ್ರಾಗ ತಪ್ಪ ಹೇಳೀನಪ್ಪ. ಸುಳ್ಳಂತ ನಂಗೂ ಗೊತ್ತಿದ್ದಿಲ್ಲ. ಈಗ ಖರೇ ಹೇಳ್ತೀನಿ. ಹಿಡಿ ನಿನ್ನ ಫೋನ. ಮಿಕ್ಸರ್ ಸಪ್ಪಳಾನೂ ಇಲ್ಲ ಇವತ್ತ."

ಅಭಿಲಾಷ ಶೇಟ್ ಕಡೆ ನೋಡಿದ. ಕೈಯಲ್ಲಿದ್ದ ಫೋನನ್ನು ಜೇಬಿಗೆ ಹಾಕಿಕೊಂಡ.

ಮರೆಮ್ಮ ಅವನು ಫೋನು ಇಟ್ಟುಕೊಂಡ ಜೇಬನ್ನೇ ನೋಡುತ್ತ ಶುರುಮಾಡಿದಳು.

"ನನ್ನ ಗಂಡನ ಹೆಸರು ಕಾಶಪ್ಪ."

ಮೆಟ್ಟಿಲ ಮೇಲೆ ಕೂತಿದ್ದ ಅವ್ವಣ್ಣ ಎದ್ದು ನಿಂತ.

"ಎಂಟನೇ ದಿನ ಜಾಕಿ ಬಿಚ್ಚಿದ್ರು. ಒಂಬತ್ತನೇ ದಿನ ಬಿತ್ತು. ಏಳ ದಿನಾ ನಾ ನೀರ ಹಾಕಿದ್ದೆ."

ಗಿರಾಕಿಯ ಹೆಂಡತಿಗೆ ಮಾತು ತಿಳಿಯಲಿಲ್ಲ. ಆದರೂ ಕೂಸಿನ ತಲೆಯ ಮೇಲೆ ಅಂಗೈ ಇಟ್ಟು, ಚಾವಣಿ ನೋಡಿ, ಒಂದು ಹೆಜ್ಜೆ ಹಿಂದೆ ಹೋದಳು.

ಮೇಲೆ ಯಾರೋ ಒಂದು ಕೊಡ ಸುರಿದರು. ಹಸಿ ಬಾಲ್ಕನಿಯ ಅಂಚಿನಿಂದ ಸಿಮೆಂಟು ಕಲಸಿದ ಬೂದಿ ನೀರು ತೊಟ್ಟಿಕ್ಕಿ ಮರೆಮ್ಮನ ಹಣೆಯ ಮೇಲೆ ಬಿತ್ತು. ಅವಳು ಒರೆಸಿಕೊಳ್ಳಲಿಲ್ಲ. ಜಾಕಿಯನ್ನು ಇನ್ನಷ್ಟು ಬಿಗಿಯಾಗಿ ತಬ್ಬಿಕೊಂಡು, ಎರಡನೆಯ ಸಲ ಹೇಳತೊಡಗಿದಳು.

"ನನ್ನ ಗಂಡನ ಹೆಸರು ಕಾಶಪ್ಪ."