ಆದೆಮ್ಮನ ಪಾಸ್‌ವರ್ಡ್ ಮತ್ತು ಮಸ್ಕಿಯಲ್ಲಿ ನಿಂತ ಬಸ್ಸು

೧
ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ಆದೆಮ್ಮ ಗಂಡನ ಮನೆ ಬಿಟ್ಟ ದಿನದಿಂದಲೋ, ಕಂಪ್ಯೂಟರ್ ಮುಂದೆ ಕೂತು ‘ಯೆಸ್’ ಒತ್ತಿದ ಗಳಿಗೆಯಿಂದಲೋ? ಮೊದಲನೆಯದರಲ್ಲಿ ಕಣ್ಣೀರು ಜಾಸ್ತಿ, ಎರಡನೆಯದರಲ್ಲಿ ಕರೆಂಟು ಜಾಸ್ತಿ. ನೀವೇ ಹೇಳಿ. (ಹೇಳುವುದಿಲ್ಲ, ಗೊತ್ತು. ಓದುಗರು ಬರೆದಾದ ಮೇಲಷ್ಟೇ ಬಾಯಿ ಬಿಡುತ್ತಾರೆ.)

೨
ಇರಲಿ. ಇಸವಿ ೧೯೯೯. ಸಿಂಧನೂರಿನಲ್ಲಿ ಹೊನ್ನೂರಪ್ಪ ಎಂಬಾತ ತನ್ನ ಎಸ್‌ಟಿಡಿ ಬೂತಿನ ಪಕ್ಕಕ್ಕೇ ಸೈಬರ್ ಸೆಂಟರ್ ತೆರೆದಿದ್ದಾನೆ. ಗೊರೇಬಾಳದ ಆದೆಮ್ಮ ಬ್ಲೌಸ್ ಪೀಸ್ ತರುತ್ತೇನೆಂದು ಮನೆಯಲ್ಲಿ ಹೇಳಿ ಅಲ್ಲಿಗೆ ಬರುತ್ತಾಳೆ. ಅವಳ ಎಡಗೈ ಮುರಿದವನು ಗಂಡ ಆದೆಪ್ಪ. (ಯಾಕೆ ಮುರಿದ ಎಂದು ಕೇಳಬೇಡಿ. ಅವನ ಬಳಿ ದಿನಕ್ಕೊಂದು ಕಾರಣವಿದೆ.) ಆದೆಮ್ಮ ಇ-ಮೇಲ್ ಬರೆಯುವುದು ಮೈಮುನಾಬಿಗೆ. ಇಬ್ಬರೂ ಪಿಯುಸಿ ಕೂಡಿ ಓದಿದವರು; ಮೈಮುನಾಬಿ ಈಗ ಲಿಂಗಸುಗೂರಿನಲ್ಲಿ ಟೇಲರಿಂಗ್ ಕ್ಲಾಸ್ ನಡೆಸುತ್ತಾಳೆ. “ಬಂದುಬಿಡು. ಕ್ಲಾಸಿನ ಹಿಂದ ಒಂದು ಖೋಲಿ ಖಾಲಿ ಐತಿ. ಯಾರಿಗೂ ಗೊತ್ತಾಗಂಗಿಲ್ಲ,” ಎಂದು ಅವಳು ಉತ್ತರ ಬರೆದಳು. ಆದೆಮ್ಮ ಹೋದಳು.

ಆದರೆ ಅದಕ್ಕೂ ಮೊದಲು, ಸೆಂಟರಿಗೆ ಬಂದ ಹೊಸತರಲ್ಲಿ, ಪರದೆಯ ಮೇಲೆ ಒಂದು ಪುಟ್ಟ ಚೌಕ ಎದ್ದು ಕೇಳಿತ್ತು: ನಿಮ್ಮ ಪಾಸ್‌ವರ್ಡ್ ನೆನಪಿಟ್ಟುಕೊಳ್ಳಲೇ?

೩ (ಹೊಡೆದುಹಾಕಿದ್ದು)
ಆದೆಮ್ಮ ‘ನೋ’ ಒತ್ತಿದಳು. ಲಿಂಗಸುಗೂರಿನಲ್ಲಿ ಹೊಲಿಗೆ ಕಲಿತು ಸುಖವಾಗಿದ್ದಳು.

ಇದು ಕಥೆಯಲ್ಲ, ಗೋಡೆಗೆ ಅಂಟಿಸುವ ಸೂಚನೆ. ಹರಿದು ಬಿಸಾಕಿದೆ.

೩
ಆದೆಮ್ಮ ‘ಯೆಸ್’ ಒತ್ತಿದಳು.

“ಯಾಕ್ರೀ ಸರ, ನನ್ನ ಕೈಲೆ ಅದನ್ನ ಒತ್ತಿಸಿದ್ರಿ?” ಎಂದು ಆದೆಮ್ಮ ನನ್ನ ಮೇಲೆಯೇ ತಿರುಗಿಬಿದ್ದಳು. “ಇದ್ದ ಕೈ ಒಂದು.”

“ನೀನೇ ಒತ್ತಿದ್ದಲ್ಲವಾ? ಯಾಕೆ ಒತ್ತಿದೆ ಹೇಳು.”

“ಇಟ್ಕೊಳ್ಳೇನು ಅಂತ ಕೇಳ್ತು. ಅಷ್ಟು ಮರ್ಯಾದಿಲೆ ಕೇಳಿದ್ರ ಬ್ಯಾಡ ಅನ್ನಾಕ ಬರ್ತದೇನ್ರಿ?”

ಅವಳ ತವರು ಮಸ್ಕಿ. ಅಲ್ಲಿ ಸಂತೆಗೆ ಬಂದವರು ಕೊಂಡದ್ದನ್ನೆಲ್ಲ ಹೊತ್ತು ತಿರುಗುವುದಿಲ್ಲ. ಬಸ್‌ಸ್ಟ್ಯಾಂಡ್ ಎದುರಿನ ಇಸ್ಮಾಯಿಲ್‌ಸಾಬರ ಅಂಗಡಿಯಲ್ಲಿ ಚೀಲ ಇಟ್ಟು ಹೋಗುತ್ತಾರೆ. ಚೀಟಿಯಿಲ್ಲ, ಗುರುತಿಲ್ಲ. ಸಂಜೆ ಬಂದವರ ಮುಖ ನೋಡಿ ಮುದುಕ ಅವರವರ ಚೀಲ ಕೊಡುತ್ತಾನೆ. ಗಂಡ ಬಂದು ಹೆಂಡತಿಯ ಚೀಲ ಕೇಳಿದರೂ, “ಆಕೀನ ಕಳಸಪಾ,” ಎನ್ನುತ್ತಾನೆ. ಆ ಅಂಗಡಿ ನೋಡಿ ಬೆಳೆದವಳು ಕಂಪ್ಯೂಟರನ್ನೂ ನಂಬಿದಳು. ಅವಳು ಪೆದ್ದಿಯಲ್ಲ, ಪ್ರತಿ ಸಲ ಸೈನ್ ಔಟ್ ಮಾಡಿಯೇ ಏಳುತ್ತಿದ್ದಳು. ಆದರೆ ಯಂತ್ರಕ್ಕೆ ಮುಖ ಗೊತ್ತಾಗುವುದಿಲ್ಲ. ಸ್ಟೂಲಿನ ಮೇಲೆ ಯಾರು ಕೂತರೂ ಅದಕ್ಕೆ ಒಂದೇ.

೪
ಆದೆಪ್ಪ ಕೂತ. ಅಕ್ಕಿ ಗಿರಣಿಯ ಆಫೀಸಿನಲ್ಲಿ ಮೌಸ್ ಹಿಡಿದು ಗೊತ್ತಿದ್ದವನು. ಹೆಂಡತಿ ಹೋದ ಮೇಲೆ ಬಜಾರೆಲ್ಲ ವಿಚಾರಿಸುತ್ತ ಸೆಂಟರಿಗೆ ಬಂದಿದ್ದ. “ನಮ್ಮಾಕಿ ಯಾವುದರ ಮುಂದ ಕೂಡ್ತಿದ್ಲು?” ಎಂದು ಕೇಳಿದ. “ಆ ಮೂಲ್ಯಾಗಿಂದು ನೋಡ್ರಿ,” ಎಂದ ಹೊನ್ನೂರಪ್ಪ.

ಇಲ್ಲಿ ಹೊನ್ನೂರಪ್ಪನಿಂದ ಒಂದು ಸುಳ್ಳು ಹೇಳಿಸಲು ಬಹಳ ಒದ್ದಾಡಿದೆ. “ಬಂದವರಿಗೆ ದಾರಿ ತೋರಿಸೋದು ತಪ್ಪೇನ್ರಿ?” ಎಂದು ನನ್ನನ್ನೇ ದಬಾಯಿಸಿದ.

ಕರೆಂಟ್ ತೆಗೆದೆ. (ಸಿಂಧನೂರು, ನಂಬಲು ಕಷ್ಟವಿಲ್ಲ.) ಬೇಡವಾದ ದಿನ ಮಾತ್ರ ಕರೆಂಟ್ ಬೇಗ ಬರುತ್ತದೆ. ಆದೆಪ್ಪ ಇ-ಮೇಲ್ ಪುಟ ತೆರೆದು ಹೆಸರಿನ ಖಾನೆಯ ಮೇಲೆ ಕ್ಲಿಕ್ ಮಾಡಿದ. ಹೆಂಡತಿಯ ಹೆಸರು ಕೆಳಗಿಳಿಯಿತು. ಅದನ್ನು ಮುಟ್ಟಿದ. ಪಾಸ್‌ವರ್ಡ್ ಜಾಗದಲ್ಲಿ ಚುಕ್ಕಿಗಳು ತಾವಾಗಿಯೇ ಬಂದು ಕೂತವು. ಆ ಪಾಸ್‌ವರ್ಡ್ ಏನೆಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾಗುವ ಅಗತ್ಯವೇ ಬೀಳಲಿಲ್ಲ. ಟೇಲರಿಂಗ್ ಕ್ಲಾಸು, ಹಿಂದಿನ ಖೋಲಿ, ಎಲ್ಲವನ್ನೂ ಓದಿದ.

೫
ಆದೆಪ್ಪ ಲಿಂಗಸುಗೂರಿನ ಬಸ್ ಹತ್ತಿದ್ದಾನೆ. ಮಸ್ಕಿಯಲ್ಲಿ ಬಸ್ ನಿಲ್ಲಿಸಿ ಡ್ರೈವರನನ್ನು ಚಹಾಕ್ಕೆ ಇಳಿಸಿದ್ದೇನೆ. ನನ್ನ ಕೈಲಾದದ್ದು ಇಷ್ಟೇ. ಓಡಿಹೋಗಿ ಆದೆಮ್ಮನಿಗೆ ಹೇಳಿಬಿಟ್ಟೆ. (ಕಥೆಗಾರರು ಹೀಗೆ ಚಾಡಿ ಹೇಳಬಾರದು ಎನ್ನುತ್ತಾರೆ. ಎನ್ನಲಿ.)

ಅವಳು ಹೊಲಿಗೆ ಮಷಿನ್ನಿನ ಪೆಡಲ್ ತುಳಿಯುವುದನ್ನು ನಿಲ್ಲಿಸಿದಳು. “ಡ್ರೈವರ್ ಎಷ್ಟೊತ್ತು ಚಾ ಕುಡೀತಾನ?”

“ನಾನು ಎಳೆದಷ್ಟು ಹೊತ್ತು. ನೋಡು, ನನ್ನ ಹತ್ತಿರ ಮುಕ್ತಾಯಗಳಿವೆ. ಪೊಲೀಸರನ್ನು ಕರೆಸಲೇ? ಇಲ್ಲಾ ದಾರಿಯಲ್ಲಿ ಅವನ ಮನಸ್ಸು ಬದಲಾಗಿ...”

“ಅವನ ಮನಸ್ಸು!” ಆದೆಮ್ಮ ನಕ್ಕುಬಿಟ್ಟಳು. ಅಂಥ ನಗುವನ್ನು ಬರೆಯಲು ನನಗೆ ಬರುವುದಿಲ್ಲ. “ಅದನ್ನ ನೀವು ಇಟ್ಕೊರಿ ಸರ.”

ಅವಳು ಬಟ್ಟೆ ಗಂಟು ಕಟ್ಟುತ್ತಿದ್ದಾಳೆ. ಮೈಮುನಾಬಿ ಕ್ಲಾಸಿಗೆ ರಜೆ ಕೊಟ್ಟು ಬೀಗ ಹುಡುಕುತ್ತಿದ್ದಾಳೆ. ಚಹಾ ಮುಗಿಯಿತೆಂದು ಡ್ರೈವರ್ ನನ್ನನ್ನು ದುರುಗುಟ್ಟಿ ನೋಡುತ್ತಿದ್ದಾನೆ. ಇನ್ನೊಂದು ಕಪ್ ಬರೆದೆ, ಅವನು ಮುಟ್ಟಲಿಲ್ಲ.

“ಎಲ್ಲಿಗೆ ಹೊರಟೆ ಆದೆಮ್ಮ?”

“ಅದು ನನಗ ಗೊತ್ತೈತಿ. ನಿಮಗ ಹೇಳಿದ್ರ ನೀವು ಬರೀತೀರಿ.”

೬
ಬಾಗಿಲಿಗೆ ಬೀಗ ಬಿದ್ದಿದೆ. ಆದೆಪ್ಪ ಅದನ್ನು ಜಗ್ಗಿ ನೋಡಿದ, ಒದ್ದ, ಬೀದಿಯವರನ್ನೆಲ್ಲ ಕೇಳಿದ. ಈಗ ನನ್ನ ಎದುರಿಗೇ ಬಂದು ನಿಂತಿದ್ದಾನೆ.

“ಎಲ್ಲಿ ಹೋಗ್ಯಾಳಲೇ?”

ಗೊತ್ತಿಲ್ಲ ಎಂದೆ. ಬರೆಯುವವನಿಗೆ ಗೊತ್ತಿಲ್ಲವೆಂದರೆ ಅವನು ನಂಬುತ್ತಿಲ್ಲ. ಬರೆದದ್ದನ್ನೆಲ್ಲ ತಿರುವಿ ತಿರುವಿ ಓದಿದ, ಊರಿನ ಹೆಸರು ಸಿಗಲಿಲ್ಲ. ಇಷ್ಟು ಹೊತ್ತು ಇದನ್ನೆಲ್ಲ ಓದುತ್ತ ಕೂತವರು ಯಾರೆಂದು ನೋಡಲು ಈಗ ನಿಮ್ಮ ಕಡೆ ತಿರುಗಿದ್ದಾನೆ.